ಮಾರಿದ ಮೇಲೂ ಬದಲಾಗುವ ಕಾರು: ಸಾಫ್ಟ್‌ವೇರ್ ಅಪ್‌ಡೇಟ್ ಮತ್ತು ಮಾಲಕರ ಅನುಭವ

ಹಸಿರು ನಂಬರ್ ಪ್ಲೇಟಿನ ವಿದ್ಯುತ್ ಕಾರುಗಳು ಈಗ ನಮ್ಮ ಕರಾವಳಿಯ ಊರುಗಳಲ್ಲೂ ಅಪರೂಪವಲ್ಲ. ಕೊಳ್ಳುವ ಮೊದಲು ಎಲ್ಲರೂ ಬೆಲೆ, ಚಾರ್ಜಿಂಗ್ ಖರ್ಚು, ಬ್ಯಾಟರಿಯ ಬಾಳಿಕೆ ಇತ್ಯಾದಿಗಳ ಬಗ್ಗೆ ವಿಚಾರಿಸುತ್ತಾರೆ. ಆದರೆ ಕೊಂಡ ಮೇಲೆ ಒಂದು ದಿನ ಕಾರಿನ ಪರದೆಯಲ್ಲಿ ಹೊಸ ಸಾಫ್ಟ್‌ವೇರ್ ಬಂದಿದೆ, ಅಳವಡಿಸಬಹುದೇ ಎಂಬ ಪ್ರಶ್ನೆ ಮೂಡಿದಾಗ ಹೆಚ್ಚಿನವರು ಮೊಬೈಲ್ ಫೋನಿನಲ್ಲಿ ಮಾಡುವಂತೆ ಓದದೆಯೇ ಒಪ್ಪಿಗೆ ಒತ್ತಿಬಿಡುತ್ತಾರೆ. ಈ ಒಂದು ಒತ್ತಿನಿಂದ ಕಾರಿನ ಬ್ರೇಕು, ಓಡುವ ದೂರ, ಚಾರ್ಜ್ ಆಗುವ ವೇಗ ಎಲ್ಲವೂ ಬದಲಾಗಬಹುದು ಎಂಬುದನ್ನು ಅಮೆರಿಕ ಮತ್ತು ನಾರ್ವೆಯ ಮಾಲಕರು ನಮಗಿಂತ ಮೊದಲೇ ಅನುಭವದಿಂದ ತಿಳಿದುಕೊಂಡಿದ್ದಾರೆ. ಅವರು ಕಂಡದ್ದನ್ನು ಇಲ್ಲಿ ಸ್ವಲ್ಪ ವಿವರವಾಗಿ ನೋಡೋಣ.

ಏನಿದು ಅಪ್‌ಡೇಟ್? ಪೆಟ್ರೋಲ್ ಕಾರಿನಲ್ಲೂ ಕಂಪ್ಯೂಟರ್ ಇದೆ. ಆದರೆ ವಿದ್ಯುತ್ ಕಾರಿನಲ್ಲಿ ಅದರ ಅಧಿಕಾರ ಬಹಳ ಹೆಚ್ಚು. ಬ್ಯಾಟರಿ ಎಂದರೆ ಒಂದೇ ಡಬ್ಬವಲ್ಲ, ಅನೇಕ ಸೆಲ್‌ಗಳ ಗುಂಪು. ಅಮೆರಿಕದ ಟೆಸ್ಲಾ ಕಂಪೆನಿಯ ಮಾಡೆಲ್ ಎಸ್ ಕಾರಿನ 85 ಕಿಲೋವ್ಯಾಟ್ ಅವರ್ ಬ್ಯಾಟರಿಯಲ್ಲಿ ಹೆಬ್ಬೆರಳಿಗಿಂತ ತುಸು ದೊಡ್ಡದಾದ 7,104 ಸೆಲ್‌ಗಳಿದ್ದವು. ಇವುಗಳನ್ನು ಎಷ್ಟು ತುಂಬಬೇಕು, ಎಷ್ಟು ವೇಗವಾಗಿ ತುಂಬಬೇಕು, ಯಾವಾಗ ತಂಪು ಮಾಡಬೇಕು, ಎಷ್ಟು ಖಾಲಿಯಾದಾಗ ಕಾರನ್ನು ನಿಲ್ಲಿಸಬೇಕು ಎಂಬುದನ್ನೆಲ್ಲ ತೀರ್ಮಾನಿಸುವುದು ಸಾಫ್ಟ್‌ವೇರ್. ಕಾರಿನೊಳಗೇ ಸಿಮ್ ಇರುವುದರಿಂದ ಈ ಸಾಫ್ಟ್‌ವೇರನ್ನು ಕಂಪೆನಿ ತಾನಿರುವಲ್ಲಿಂದಲೇ ಬದಲಾಯಿಸಬಹುದು. ಇದಕ್ಕೆ 'ಓವರ್ ದಿ ಏರ್' ಅಪ್‌ಡೇಟ್ ಎನ್ನುತ್ತಾರೆ. 2012ರಲ್ಲಿ ಮಾರುಕಟ್ಟೆಗೆ ಬಂದ ಮಾಡೆಲ್ ಎಸ್ ಕಾರು ಇದನ್ನು ಜನಪ್ರಿಯಗೊಳಿಸಿತು. ಹಸುವನ್ನು ಮಾರಿದವನು ಹಗ್ಗದ ಒಂದು ತುದಿಯನ್ನು ತನ್ನ ಕೈಯಲ್ಲೇ ಇಟ್ಟುಕೊಂಡ ಹಾಗೆ ಎಂದರೆ ತಪ್ಪಾಗಲಾರದು.

ಹಗ್ಗ ಕೈಯಲ್ಲಿದ್ದರೆ ಒಳ್ಳೆಯದೂ ಆಗುತ್ತದೆ. 2018ರ ಮೇ ತಿಂಗಳಲ್ಲಿ ಅಮೆರಿಕದ ಗ್ರಾಹಕ ಪತ್ರಿಕೆ 'ಕನ್ಸ್ಯೂಮರ್ ರಿಪೋರ್ಟ್ಸ್' ಟೆಸ್ಲಾ ಮಾಡೆಲ್ 3 ಕಾರನ್ನು ಪರೀಕ್ಷಿಸಿತು. ಗಂಟೆಗೆ 97 ಕಿ.ಮೀ. ವೇಗದಲ್ಲಿ ಬ್ರೇಕ್ ಹಾಕಿದರೆ ಕಾರು ನಿಲ್ಲಲು 152 ಅಡಿ ಬೇಕಾಯಿತು. ಫೋರ್ಡ್ ಕಂಪೆನಿಯ ಭಾರೀ ಪಿಕಪ್ ಟ್ರಕ್ ಕೂಡ ಇದಕ್ಕಿಂತ ಬೇಗ ನಿಲ್ಲುತ್ತದೆ. ಈ ಕಾರನ್ನು ಶಿಫಾರಸು ಮಾಡಲಾರೆವು ಎಂದು ಪತ್ರಿಕೆ ಬರೆಯಿತು. ಕೆಲವೇ ದಿನಗಳಲ್ಲಿ ಬ್ರೇಕಿನ ಸಾಫ್ಟ್‌ವೇರನ್ನು ತಿದ್ದಿದ ಅಪ್‌ಡೇಟ್ ಬಂತು. ಅದೇ ಕಾರನ್ನು ಮತ್ತೆ ಪರೀಕ್ಷಿಸಿದಾಗ 133 ಅಡಿಯಲ್ಲೇ ನಿಂತಿತು. ಗ್ಯಾರೇಜಿಗೆ ಒಯ್ಯದೆ, ಒಂದು ಸ್ಕ್ರೂ ಕೂಡ ತಿರುಗಿಸದೆ 19 ಅಡಿ ಉಳಿಯಿತು. ರಸ್ತೆ ದಾಟುತ್ತಿರುವ ಮಗುವಿಗೆ 19 ಅಡಿ ಎಂದರೆ ಏನು ಎಂಬುದನ್ನು ಹೇಳಬೇಕಾಗಿಲ್ಲ.

ಇನ್ನೊಂದು ಪ್ರಸಂಗ 2017ರ ಸೆಪ್ಟೆಂಬರ್ ತಿಂಗಳದ್ದು. ಅಮೆರಿಕದ ಫ್ಲೋರಿಡಾ ರಾಜ್ಯಕ್ಕೆ ಇರ್ಮಾ ಚಂಡಮಾರುತ ಅಪ್ಪಳಿಸಲಿದ್ದಾಗ ಲಕ್ಷಾಂತರ ಜನ ಮನೆ ಬಿಟ್ಟು ಉತ್ತರದ ಕಡೆಗೆ ಹೊರಟರು. ಆಗ ಟೆಸ್ಲಾ ಆ ಭಾಗದ ಕೆಲವು ಕಾರುಗಳ ಓಟದ ದೂರವನ್ನು ತಾತ್ಕಾಲಿಕವಾಗಿ ಸುಮಾರು 50 ಕಿ.ಮೀ. ಹೆಚ್ಚಿಸಿತು. ಹೇಗೆ? ಆ ಕಾರುಗಳಲ್ಲಿ ಮೊದಲಿನಿಂದಲೂ 75 ಕಿಲೋವ್ಯಾಟ್ ಅವರ್ ಬ್ಯಾಟರಿಯೇ ಇತ್ತು. ಕಡಿಮೆ ಬೆಲೆಗೆ ಕೊಂಡವರಿಗೆ ಅದರಲ್ಲಿ 60ರಷ್ಟನ್ನು ಮಾತ್ರ ಬಳಸಲು ಬಿಟ್ಟು ಉಳಿದುದಕ್ಕೆ ಸಾಫ್ಟ್‌ವೇರ್ ಮೂಲಕ ಬೀಗ ಹಾಕಲಾಗಿತ್ತು. ಬಿರುಗಾಳಿಯ ದಿನಗಳಿಗೆ ಮಾತ್ರ ಬೀಗ ತೆಗೆದು ಆಮೇಲೆ ಮತ್ತೆ ಹಾಕಿದರು. ಮಾಲಕರಿಗೆ ಉಪಕಾರವಾದದ್ದು ನಿಜ. ಆದರೆ ತಮ್ಮ ಅಂಗಳದಲ್ಲಿ ನಿಂತ ಕಾರಿನ ಒಂದು ಕೋಣೆಯ ಬೀಗದ ಕೈ ತಮ್ಮ ಬಳಿ ಇಲ್ಲ ಎಂಬ ವಿಷಯವೂ ಅಂದು ಎಲ್ಲರಿಗೆ ಸ್ಪಷ್ಟವಾಯಿತು.

ಕೊಡುವ ಕೈಗೆ ತೆಗೆದುಕೊಳ್ಳುವ ಶಕ್ತಿಯೂ ಇದೆ ಎಂಬುದು ಎರಡು ವರ್ಷಗಳ ಬಳಿಕ ಗೊತ್ತಾಯಿತು. 2019ರ ಎಪ್ರಿಲ್‌ನಲ್ಲಿ ಚೀನಾದ ಶಾಂಘೈ ನಗರದ ನೆಲಮಾಳಿಗೆಯೊಂದರಲ್ಲಿ ಸುಮ್ಮನೆ ನಿಲ್ಲಿಸಿದ್ದ ಮಾಡೆಲ್ ಎಸ್ ಕಾರು ಹೊಗೆಯಾಡಿ ಕ್ಷಣಾರ್ಧದಲ್ಲಿ ಹೊತ್ತಿ ಉರಿಯಿತು. ಅದರ ವಿಡಿಯೊ ಲೋಕವೆಲ್ಲ ಹರಿದಾಡಿತು. ಮೇ ತಿಂಗಳಲ್ಲಿ ಹಾಂಗ್‌ಕಾಂಗ್‌ನಲ್ಲೂ ನಿಂತಿದ್ದ ಕಾರಿಗೆ ಬೆಂಕಿ ಬಿತ್ತು. ಕಂಪೆನಿ ಕೂಡಲೇ ಮಾಡೆಲ್ ಎಸ್ ಮತ್ತು ಮಾಡೆಲ್ ಎಕ್ಸ್ ಕಾರುಗಳಿಗೆ ಅಪ್‌ಡೇಟ್ ಕಳುಹಿಸಿತು. ಮುನ್ನೆಚ್ಚರಿಕೆಯ ಕ್ರಮವಾಗಿ ಚಾರ್ಜಿಂಗ್ ಮತ್ತು ಉಷ್ಣತೆಯ ನಿಯಂತ್ರಣವನ್ನು ಬದಲಾಯಿಸುತ್ತಿದ್ದೇವೆ, ಇದರಿಂದ ಬ್ಯಾಟರಿಯ ರಕ್ಷಣೆಯೂ ಬಾಳಿಕೆಯೂ ಹೆಚ್ಚುತ್ತದೆ ಎಂದಿತು.

ಅಪ್‌ಡೇಟ್ ಹಾಕಿಸಿಕೊಂಡ ಕೆಲವು ಹಳೆಯ ಕಾರುಗಳ ಮಾಲಕರು ಮರುದಿನ ನೋಡಿದರೆ ಪೂರ್ತಿ ಚಾರ್ಜ್ ಆದ ಕಾರು ಹಿಂದಿನಷ್ಟು ದೂರ ತೋರಿಸುತ್ತಿಲ್ಲ! ಕೆಲವರಿಗೆ 40 ಕಿ.ಮೀ.ಗೂ ಹೆಚ್ಚು ಕಡಿಮೆಯಾಗಿತ್ತು. ಹೆದ್ದಾರಿಯ ವೇಗದ ಚಾರ್ಜರುಗಳಲ್ಲಿ ಮೊದಲಿಗಿಂತ ಹೆಚ್ಚು ಹೊತ್ತು ಕಾಯಬೇಕಾಯಿತು. ಬಹಳ ಸಣ್ಣ ಪ್ರಮಾಣದ ಮಾಲಕರಿಗೆ ಮಾತ್ರ ಸ್ವಲ್ಪ ವ್ಯತ್ಯಾಸ ಕಾಣಬಹುದು ಎಂದು ಕಂಪೆನಿ ಹೇಳಿತು. ಒಬ್ಬನಿಗೇ ಆದರೂ ನಷ್ಟ ನಷ್ಟವೇ ತಾನೆ?

ಇದು ಹೇಗಾಯಿತು ಎಂಬುದನ್ನು ನಮ್ಮ ಮನೆಗಳ ತಾರಸಿಯ ಮೇಲಿನ ನೀರಿನ ಟ್ಯಾಂಕಿಯಿಂದ ತಿಳಿಯಬಹುದು. ಟ್ಯಾಂಕಿ ತುಂಬಿದಾಗ ನೀರನ್ನು ನಿಲ್ಲಿಸುವ ಫ್ಲೋಟ್ ವಾಲ್ವನ್ನು ಯಾರೋ ಒಂದು ಗೇಣು ಕೆಳಗಿಳಿಸಿದರೆಂದು ಭಾವಿಸಿ. ಟ್ಯಾಂಕಿ ಅದೇ, ಗಾತ್ರವೂ ಅದೇ, ಆದರೆ ನೀರು ಬೇಗನೆ ನಿಲ್ಲುತ್ತದೆ. ಸಂಜೆಯ ಹೊತ್ತಿಗೆ ನಲ್ಲಿ ಬತ್ತುತ್ತದೆ. ಇಂತಹ ಲಿಥಿಯಂ ಸೆಲ್ ಪೂರ್ತಿ ತುಂಬಿದಾಗ ಸುಮಾರು 4.2 ವೋಲ್ಟ್ ಇರುತ್ತದೆ. ಆ ಮೇಲಿನ ತುದಿಯಲ್ಲಿ ಸೆಲ್‌ಗೆ ಒತ್ತಡ ಹೆಚ್ಚು, ಸವೆತವೂ ಹೆಚ್ಚು. ಗರಿಷ್ಠ ವೋಲ್ಟೇಜನ್ನು ಇಳಿಸಿದರೆ ಸೆಲ್ ಸುರಕ್ಷಿತ, ಆದರೆ ತುಂಬುವ ವಿದ್ಯುತ್ತು ಕಡಿಮೆ. ಕಾರಿನ ಪರದೆ ಮಾತ್ರ ಆಗಲೂ 100 ಶೇಕಡಾ ಎಂದೇ ತೋರಿಸುತ್ತದೆ.

ಮಾಲಕರು ಸುಮ್ಮನಿರಲಿಲ್ಲ. 2019ರ ಆಗಸ್ಟ್‌ನಲ್ಲಿ ಕ್ಯಾಲಿಫೋರ್ನಿಯಾದ ನ್ಯಾಯಾಲಯದಲ್ಲಿ ದಾವೆ ಹೂಡಿದರು. ಅವರ ಪ್ರಶ್ನೆ ಇಷ್ಟೇ: ಬ್ಯಾಟರಿಯಲ್ಲಿ ದೋಷವಿದ್ದರೆ ವಾರಂಟಿಯಂತೆ ಬದಲಾಯಿಸಿ ಕೊಡಿ. ದೋಷವಿಲ್ಲದಿದ್ದರೆ ನಾವು ಹಣ ಕೊಟ್ಟು ಕೊಂಡ ದೂರವನ್ನು ಕಸಿದುಕೊಂಡದ್ದೇಕೆ? 2021ರ ಜುಲೈಯಲ್ಲಿ ರಾಜಿಯಾಯಿತು. 1,743 ಕಾರುಗಳ ಮಾಲಕರಿಗೆ ತಲಾ 625 ಡಾಲರ್ ಕೊಡಲು ಟೆಸ್ಲಾ ಒಪ್ಪಿತು. ಆಗ ಹೊರಬಂದ ದಾಖಲೆಗಳ ಪ್ರಕಾರ ವೋಲ್ಟೇಜನ್ನು ಸುಮಾರು ಮೂರು ತಿಂಗಳು 10 ಶೇಕಡಾ, ಮತ್ತೆ ಏಳು ತಿಂಗಳು 7 ಶೇಕಡಾ ಇಳಿಸಲಾಗಿತ್ತು. 2020ರ ಮಾರ್ಚ್‌ನಲ್ಲಿ ತಿದ್ದುಪಡಿಯ ಅಪ್‌ಡೇಟ್ ಬಂತು. 1,552 ಕಾರುಗಳಿಗೆ ಮೊದಲಿನ ವೋಲ್ಟೇಜ್ ಪೂರ್ತಿ ಮರಳಿತು, 57 ಕಾರುಗಳ ಬ್ಯಾಟರಿಯನ್ನೇ ಬದಲಾಯಿಸಲಾಯಿತು. ನಾರ್ವೆಯಲ್ಲಿ ಸುಮಾರು 30 ಮಾಲಕರು ದೂರು ಕೊಟ್ಟಾಗ ಅಲ್ಲಿನ ಸಂಧಾನ ಮಂಡಳಿ 2021ರಲ್ಲಿ ಪ್ರತಿಯೊಬ್ಬರಿಗೂ 1,36,000 ಕ್ರೋನರ್ ಕೊಡಬೇಕೆಂದು ತೀರ್ಪಿತ್ತಿತು.

ಬೆಂಕಿಯ ಭಯವಿದ್ದಾಗ ಕಂಪೆನಿ ಕಾಯುತ್ತ ಕೂರಬೇಕಿತ್ತೇ ಎಂದು ಕೇಳಬಹುದು. ಖಂಡಿತ ಇಲ್ಲ. ಜೀವಕ್ಕಿಂತ 40 ಕಿ.ಮೀ. ದೊಡ್ಡದಲ್ಲ. ನಮ್ಮ ದೃಷ್ಟಿಯಲ್ಲಿ ತಪ್ಪಿದ್ದು ಅಪ್‌ಡೇಟ್ ಕಳುಹಿಸಿದ್ದರಲ್ಲಿ ಅಲ್ಲ, ಏನು ಕಡಿಮೆಯಾಗುತ್ತದೆ, ಎಷ್ಟು ಕಡಿಮೆಯಾಗುತ್ತದೆ, ಎಷ್ಟು ಕಾಲ ಎಂಬುದನ್ನು ಮೊದಲೇ ಹೇಳದಿದ್ದುದರಲ್ಲಿ. ನಂಬಿಕೆ ಹೋದದ್ದೂ ಅಲ್ಲಿಯೇ. ಮುಂದೆ ಬರುವ ಅಪ್‌ಡೇಟ್ ಬೇಡವೆಂದು ಕಾರಿನ ವೈಫೈ ಸಂಪರ್ಕವನ್ನೇ ಕಡಿದು ಹಾಕಿದವರಿದ್ದರು. ಹಾಗೆ ಮಾಡಿದರೆ ಸುರಕ್ಷತೆಯ ತಿದ್ದುಪಡಿಗಳೂ ತಪ್ಪಿಹೋಗುತ್ತವೆ.

ಸಾಫ್ಟ್‌ವೇರ್ ಎಲ್ಲ ರೋಗಕ್ಕೂ ಮದ್ದಲ್ಲ ಎಂಬುದಕ್ಕೆ ಜನರಲ್ ಮೋಟಾರ್ಸ್ ಕಂಪೆನಿಯ ಶೆವರ್ಲೆ ಬೋಲ್ಟ್ ಕಾರಿನ ಕಥೆ ಸಾಕ್ಷಿ. ಕೆಲವು ಕಾರುಗಳಿಗೆ ಬೆಂಕಿ ಹಿಡಿದ ಮೇಲೆ 2020ರ ನವೆಂಬರ್‌ನಲ್ಲಿ 2017ರಿಂದ 2019ರ ಮಾದರಿಯ ಸುಮಾರು 68,000 ಕಾರುಗಳನ್ನು ಹಿಂದಕ್ಕೆ ಕರೆಯಲಾಯಿತು. ತಾತ್ಕಾಲಿಕ ಪರಿಹಾರವೆಂದರೆ ಚಾರ್ಜನ್ನು 90 ಶೇಕಡಾಕ್ಕೆ ನಿಲ್ಲಿಸುವ ಸಾಫ್ಟ್‌ವೇರ್. ಆಮೇಲೆ ದೋಷವನ್ನು ಪತ್ತೆ ಹಚ್ಚುವ ಇನ್ನೊಂದು ಸಾಫ್ಟ್‌ವೇರ್ ಹಾಕಿ, ಇನ್ನು ಭಯವಿಲ್ಲ ಎಂದರು. ಆದರೆ 2021ರ ಜುಲೈಯಲ್ಲಿ ವರ್ಮಾಂಟ್ ರಾಜ್ಯದಲ್ಲಿ ಹೀಗೆ ಸರಿಪಡಿಸಿಕೊಂಡಿದ್ದ ಕಾರೊಂದಕ್ಕೇ ಮನೆಯಂಗಳದಲ್ಲಿ ಬೆಂಕಿ ಹತ್ತಿತು. ನಿಜವಾದ ದೋಷವಿದ್ದದ್ದು ಎಲ್‌ಜಿ ಕಂಪೆನಿ ತಯಾರಿಸಿದ ಸೆಲ್‌ಗಳ ಒಳಗೆ: ಹರಿದ ಆನೋಡ್ ಪಟ್ಟಿ ಮತ್ತು ಮಡಚಿಹೋದ ಸೆಪರೇಟರ್ ಹಾಳೆ. ಇವೆರಡೂ ಒಂದೇ ಸೆಲ್‌ನಲ್ಲಿ ಸೇರಿದರೆ ಅಪಾಯ. ಹರಿದ ಪಟ್ಟಿಯನ್ನು ಯಾವ ಅಪ್‌ಡೇಟೂ ಹೊಲಿಯಲಾರದು. ಆಗಸ್ಟ್‌ನಲ್ಲಿ ಅದುವರೆಗೆ ತಯಾರಾದ ಎಲ್ಲ ಬೋಲ್ಟ್ ಕಾರುಗಳನ್ನೂ ಹಿಂದಕ್ಕೆ ಕರೆದರು. ಕಾರನ್ನು ಹೊರಗೆ ನಿಲ್ಲಿಸಿ, ರಾತ್ರಿಯಿಡೀ ಮನೆಯೊಳಗೆ ಚಾರ್ಜ್ ಮಾಡಬೇಡಿ ಎಂಬ ಸೂಚನೆಯೊಂದಿಗೆ ಮಾಲಕರು ತಿಂಗಳುಗಟ್ಟಲೆ ಕಾಯಬೇಕಾಯಿತು.

ಅಪ್‌ಡೇಟ್ ತಾನೇ ಕೆಟ್ಟದ್ದೂ ಇದೆ. 2023ರ ನವೆಂಬರ್‌ನಲ್ಲಿ ಅಮೆರಿಕದ ರಿವಿಯನ್ ಕಂಪೆನಿ ತಪ್ಪು ಭದ್ರತಾ ಪ್ರಮಾಣಪತ್ರವಿದ್ದ ತಪ್ಪು ಸಾಫ್ಟ್‌ವೇರನ್ನು ಕಳುಹಿಸಿಬಿಟ್ಟಿತು. ಕಾರುಗಳು ಓಡುತ್ತಿದ್ದವು, ಆದರೆ ಪರದೆಗಳು ಕಪ್ಪಾದವು. 2025ರ ಅಕ್ಟೋಬರ್‌ನಲ್ಲಿ ಜೀಪ್ ರ‍್ಯಾಂಗ್ಲರ್ 4ಎಕ್ಸ್‌ಇ ಎಂಬ ಹೈಬ್ರಿಡ್ ವಾಹನಗಳಲ್ಲಿ ಆದದ್ದು ಇನ್ನೂ ಗಂಭೀರ. ಅಪ್‌ಡೇಟ್ ಹಾಕಿಸಿಕೊಂಡ ಕೆಲವು ವಾಹನಗಳು ರಸ್ತೆಯಲ್ಲಿ ಚಲಿಸುತ್ತಿರುವಾಗಲೇ ಶಕ್ತಿ ಕಳೆದುಕೊಂಡವು.

ದೂರದಿಂದ ಕಾರಿಗೆ ಜೀವ ಕೊಡುವ ಯೋಚನೆ ನಮ್ಮ ಕರ್ನಾಟಕಕ್ಕೆ ಹೊಸದಲ್ಲ. 2001ರಲ್ಲಿ ಪುಟ್ಟ ವಿದ್ಯುತ್ ಕಾರನ್ನು ಮಾರುಕಟ್ಟೆಗೆ ತಂದ ಬೆಂಗಳೂರಿನ ರೇವಾ ಕಂಪೆನಿ 2009ರಲ್ಲೇ ಜರ್ಮನಿಯ ಫ್ರಾಂಕ್‌ಫರ್ಟ್ ವಾಹನ ಪ್ರದರ್ಶನದಲ್ಲಿ 'ರಿವೈವ್' ಎಂಬ ವ್ಯವಸ್ಥೆಯನ್ನು ಪ್ರಕಟಿಸಿತ್ತು. ದಾರಿಯಲ್ಲಿ ಚಾರ್ಜ್ ಮುಗಿದರೆ ಫೋನ್ ಅಥವಾ ಎಸ್‌ಎಂಎಸ್ ಮಾಡಿದರಾಯಿತು, ಬ್ಯಾಟರಿಯಲ್ಲಿ ಅಡಗಿಸಿಟ್ಟ ಮೀಸಲು ಚಾರ್ಜನ್ನು ಕಂಪೆನಿ ದೂರದಿಂದಲೇ ಬಿಡುಗಡೆ ಮಾಡುತ್ತದೆ. ಮುಂದೆ ಮಹೀಂದ್ರ ಕಂಪೆನಿ ರೇವಾವನ್ನು ಕೊಂಡುಕೊಂಡಿತು. ಟಾಟಾ ಕಂಪೆನಿ 2023ರಲ್ಲಿ ನೆಕ್ಸಾನ್ ಇವಿ ಮ್ಯಾಕ್ಸ್ ಕಾರಿನ ಪರೀಕ್ಷಾ ದೂರವನ್ನು 437ರಿಂದ 453 ಕಿ.ಮೀ.ಗೆ ಏರಿಸಿ, ಹಳೆಯ ಮ್ಯಾಕ್ಸ್ ಮಾಲಕರಿಗೂ ಫೆಬ್ರವರಿಯಿಂದ ಡೀಲರುಗಳ ಬಳಿ ಸಾಫ್ಟ್‌ವೇರ್ ಮೂಲಕ ಆ ಸೌಲಭ್ಯ ಒದಗಿಸಿತು.

ಕಾನೂನು ನಿಧಾನವಾಗಿ ಹಿಂದೆ ಬರುತ್ತಿದೆ. ವಿಶ್ವಸಂಸ್ಥೆಯ ಆಶ್ರಯದಲ್ಲಿ 2020ರಲ್ಲಿ ಒಪ್ಪಿದ 156ನೇ ವಾಹನ ನಿಯಮದಂತೆ ಅಪ್‌ಡೇಟಿನ ಉದ್ದೇಶ, ಅದರಿಂದಾಗುವ ಬದಲಾವಣೆ, ತಗಲುವ ಸಮಯ ಇವನ್ನು ಮಾಲಕನಿಗೆ ತಿಳಿಸಬೇಕು. ಅಪ್‌ಡೇಟ್ ಅರ್ಧದಲ್ಲಿ ನಿಂತರೆ ವಾಹನ ಹಳೆಯ ಸಾಫ್ಟ್‌ವೇರಿಗೆ ಮರಳಬೇಕು, ಇಲ್ಲವೇ ಸುರಕ್ಷಿತ ಸ್ಥಿತಿಗೆ ಹೋಗಬೇಕು. ಯುರೋಪಿಯನ್ ಒಕ್ಕೂಟದಲ್ಲಿ 2024ರ ಜುಲೈಯಿಂದ ಎಲ್ಲ ಹೊಸ ಕಾರುಗಳಿಗೆ ಇದು ಕಡ್ಡಾಯ. ಆದರೆ ಅಪ್‌ಡೇಟ್ ಇಷ್ಟವಾಗದಿದ್ದರೆ ಹಿಂದಿನದಕ್ಕೆ ಮರಳುವ ಹಕ್ಕು ಮಾಲಕನಿಗೆ ಇದರಿಂದ ಸಿಗುವುದಿಲ್ಲ. ಇದು ದೊಡ್ಡ ಕೊರತೆಯೆಂದೇ ನಮ್ಮ ಅಭಿಪ್ರಾಯ.

ಇನ್ನು ನಾವು ಮಾಡಬಹುದಾದದ್ದು. ಅಪ್‌ಡೇಟ್ ಆಗುವಷ್ಟು ಹೊತ್ತು ಸಾಮಾನ್ಯವಾಗಿ ಕಾರನ್ನು ಚಲಾಯಿಸಲಾಗದು. ಮನೆಯಲ್ಲಿ ರೋಗಿಗಳಿದ್ದರೆ, ರಾತ್ರಿ ಆಸ್ಪತ್ರೆಗೆ ಓಡಬೇಕಾದ ಸಂದರ್ಭವಿದ್ದರೆ, ಮರುದಿನ ಬೆಳಗ್ಗೆ ದೂರದ ಪ್ರಯಾಣವಿದ್ದರೆ ಆ ಹೊತ್ತಿಗೆ ಬೇಡ. ಸುರಕ್ಷತೆಗೆ ಸಂಬಂಧಿಸಿದ ಅಪ್‌ಡೇಟನ್ನು ಮುಂದೂಡಬಾರದು. ಉಳಿದವುಗಳಿಗೆ ಒಂದು ವಾರ ಕಾಯ್ದು, ಅದೇ ಮಾದರಿಯ ಕಾರಿರುವ ಬೇರೆಯವರನ್ನು ವಿಚಾರಿಸಿದರೆ ನಷ್ಟವಿಲ್ಲ. ಹಾಕಿಸುವ ಮೊದಲು ಪೂರ್ತಿ ಚಾರ್ಜ್ ಆದಾಗ ತೋರಿಸುವ ದೂರ ಮತ್ತು ಸಾಫ್ಟ್‌ವೇರಿನ ಸಂಖ್ಯೆ ಇವೆರಡರ ಫೋಟೊ ತೆಗೆದಿಡಿ, ಹಾಕಿಸಿದ ಮೇಲೂ ತೆಗೆಯಿರಿ. ಒಂದೇ ದಿನದಲ್ಲಿ ತೀರ್ಮಾನಕ್ಕೆ ಬರಬೇಡಿ. ಪರದೆಯ ಮೇಲಿನ ದೂರ ಅಂದಾಜು ಮಾತ್ರ. ಏಸಿ, ಟಯರಿನ ಗಾಳಿ, ಜಡಿಮಳೆ ಎಲ್ಲವೂ ಅದನ್ನು ಬದಲಿಸುತ್ತವೆ. ಶಿರಾಡಿ ಘಾಟಿ ಹತ್ತುವಾಗ ಖರ್ಚಾಗುವ ಚಾರ್ಜು ಇಳಿಯುವಾಗ ಖರ್ಚಾಗುವುದಿಲ್ಲ. ಕೆಲವು ವಾರಗಳ ಲೆಕ್ಕದಲ್ಲಿ ವ್ಯತ್ಯಾಸ ಖಚಿತವಾದರೆ ಡೀಲರಿಗೆ ಬಾಯಿಮಾತಿನಲ್ಲಿ ಅಲ್ಲ, ಬರಹದಲ್ಲಿ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ಉತ್ತರ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. 50 ಲಕ್ಷ ರೂಪಾಯಿವರೆಗಿನ ಖರೀದಿಯ ದೂರುಗಳನ್ನು ಜಿಲ್ಲಾ ಗ್ರಾಹಕ ಆಯೋಗವೇ ವಿಚಾರಿಸುತ್ತದೆ.

ಹಳೆಯ ವಿದ್ಯುತ್ ಕಾರು ಕೊಳ್ಳುವವರಿಗೆ ಒಂದು ಮಾತು. 2019ರಲ್ಲಿ ಅಮೆರಿಕದಲ್ಲಿ ಒಬ್ಬರು ಡೀಲರಿನಿಂದ ಹಳೆಯ ಟೆಸ್ಲಾ ಕೊಂಡರು. ಸ್ವಯಂಚಾಲನೆಯ ಸೌಲಭ್ಯವೂ ಇದೆ ಎಂದು ಜಾಹೀರಾತಿನಲ್ಲಿತ್ತು. ಆದರೆ ಆ ಸೌಲಭ್ಯಕ್ಕೆ ನೀವು ಹಣ ಕೊಟ್ಟಿಲ್ಲವೆಂದು ಕಂಪೆನಿ ದೂರದಿಂದಲೇ ಅದನ್ನು ತೆಗೆದುಹಾಕಿತ್ತು. ಸುದ್ದಿಯಾದ ಮೇಲೆ ಮರಳಿ ಕೊಟ್ಟಿತು. ಆದುದರಿಂದ ಹಳೆಯ ಕಾರಿಗೆ ಮುಂಗಡ ಕೊಡುವ ಮೊದಲು ಯಾವ ಯಾವ ಸೌಲಭ್ಯ ಹೊಸ ಮಾಲಕನ ಹೆಸರಿಗೆ ಬರುತ್ತದೆ, ಬ್ಯಾಟರಿಯ ವಾರಂಟಿ ವರ್ಗಾವಣೆಯಾಗುತ್ತದೆಯೇ, ಹಿಂದಿನ ಮಾಲಕನ ಮೊಬೈಲಿನಿಂದ ಕಾರಿನ ಆ್ಯಪ್ ತೆಗೆದುಹಾಕಲಾಗಿದೆಯೇ ಎಂಬುದನ್ನು ಕಾಗದದಲ್ಲಿ ಬರೆಸಿಕೊಳ್ಳಿ.