ಬೋರ್ಡಿನಲ್ಲಿ 'ವೈನ್ಸ್', ಒಳಗೆ ವೈನೇ ಇಲ್ಲ! ಬೀಗರಿಗೆ ಊಟ ಹಾಕಿಸೋದು ಎಲ್ಲಿ?

ನಮ್ಮ ದೊಡ್ಡಬಳ್ಳಾಪುರದ ಬಸ್ ಸ್ಟ್ಯಾಂಡಿನ ಆಸುಪಾಸು ಒಂದು ಸುತ್ತು ಹಾಕಿ ಬನ್ನಿ. 'ವೈನ್ಸ್' ಎಂದು ಬೋರ್ಡು ಹಾಕಿದ ಅಂಗಡಿ ಕಣ್ಣಿಗೆ ಬಿದ್ದೇ ಬೀಳುತ್ತದೆ. ಒಳಗೆ ಹೋಗಿ "ವೈನ್ ಕೊಡಪ್ಪಾ" ಅನ್ನಿ. ಕೌಂಟರಿನ ಹುಡುಗ ಒಂದು ಗಳಿಗೆ ತಬ್ಬಿಬ್ಬಾಗುತ್ತಾನೆ. ವಿಸ್ಕಿ ಇದೆ, ಬ್ರಾಂದಿ ಇದೆ, ರಮ್ಮು ಇದೆ. ವೈನು? ಮೇಲಿನ ಅಟ್ಟದಲ್ಲಿ ಧೂಳು ಹೊದ್ದು ಮಲಗಿದ ಒಂದೆರಡು ಬಾಟಲಿ ಇದ್ದರೆ ಇಳಿಸಿ ಕೊಟ್ಟಾನು.

ಇಂಥ ಊರಿನ ಒಬ್ಬ ಸೀರೆ ಅಂಗಡಿ ಯಜಮಾನರಿಗೆ ಬಂತು ನೋಡಿ ಫಜೀತಿ!

ಮಗಳಿಗೆ ಬೆಂಗಳೂರಿನಲ್ಲಿ ಕೆಲಸ. ಹುಡುಗನನ್ನು ಅವಳೇ ಮೆಚ್ಚಿಕೊಂಡಿದ್ದಾಳೆ. ಹುಡುಗನ ತಂದೆ ಬಹಳ ವರ್ಷ ಹೊರದೇಶದಲ್ಲಿದ್ದು ಬಂದವರು. "ಮನೆಗೆ ಬರೋಕೆ ಮುಂಚೆ ಎಲ್ಲಾದರೂ ಕೂತು ಒಟ್ಟಿಗೆ ಊಟ ಮಾಡೋಣ" ಎಂದು ಹೇಳಿಕಳಿಸಿದ್ದಾರೆ. ಜೊತೆಗೆ ಮಗಳ ಕಿವಿಮಾತು: "ಅಪ್ಪಾ, ಅವರು ಊಟದ ಜೊತೆ ಒಂದು ಗ್ಲಾಸ್ ವೈನ್ ತಗೋತಾರೆ. ಒಳ್ಳೆ ಜಾಗ ನೋಡು." ಯಜಮಾನರೋ, ಮಜ್ಜಿಗೆಗಿಂತ ಗಟ್ಟಿಯಾದದ್ದು ಕುಡಿದವರಲ್ಲ.

"ಸ್ವಾಮಿ, ನೀವು ಪೇಪರಿನೋರು. ನಾಲ್ಕು ಕಡೆ ತಿರುಗೋರು. ಮರ್ಯಾದೆ ಪ್ರಶ್ನೆ ಇದು. ಹಾಗಂತ ನನ್ನ ಒಂದು ವಾರದ ವ್ಯಾಪಾರ ಅಲ್ಲೇ ಸುರಿದು ಬರೋಕೂ ಆಗಲ್ಲ," ಅಂದರು.

ಮಂಗಳವಾರ ಅವರ ಅಂಗಡಿಗೆ ರಜಾ. ಊಟಕ್ಕೆ ಒಂದು ವಾರ ಮುಂಚೆಯೇ ಇಬ್ಬರೂ ಬಸ್ ಹತ್ತಿದೆವು. ಚಿಕ್ಕಪೇಟೆಯಲ್ಲಿ ಮಾಲು ನೋಡುವುದು ನೆಪ. ಅಸಲು ಕೆಲಸ ಬೇರೆ.

ಮೊದಲು ಹೋದದ್ದು ಇಂದಿರಾನಗರದ ಒಂದು ಥಳುಕಿನ ಜಾಗಕ್ಕೆ. ಮೆನು ಕಾರ್ಡು ಪಂಚಾಂಗಕ್ಕಿಂತ ದಪ್ಪ. ಇಟಲಿ, ಫ್ರಾನ್ಸ್, ಚಿಲಿ, ಆಸ್ಟ್ರೇಲಿಯಾ, ಎಲ್ಲ ದೇಶದ ವೈನೂ ಇದೆ. ಗ್ಲಾಸಿನ ಲೆಕ್ಕದಲ್ಲಿ ಕೊಡುವುದು ಮಾತ್ರ ಎರಡೇ ಎರಡು. "ಒಂದು ಗ್ಲಾಸ್ ಅಂದರೆ ಎಷ್ಟು ಎಂ.ಎಲ್.?" ಎಂದು ಯಜಮಾನರು ಕೇಳಿದರು. ಗಜ ಹಿಡಿದು ಬಟ್ಟೆ ಅಳೆದ ಕೈ ಅದು, ಅಳತೆ ಕೇಳದೆ ಬಿಡುತ್ತದೆಯೇ? ಸಪ್ಲೈಯರ್ ಹುಡುಗ ಒಳಗೆ ಹೋದವನು ತಿರುಗಿ ಬರಲೇ ಇಲ್ಲ. ಬಾಟಲಿಗಳನ್ನೋ ಬಿಸಿ ಬಲ್ಬಿನ ಕೆಳಗೆ ಗೊಂಬೆ ಕೂರಿಸಿದ ಹಾಗೆ ಸಾಲಾಗಿ ನಿಲ್ಲಿಸಿದ್ದರು. ನೋಡಲು ಚೆಂದ. ಆದರೆ ವೈನಿಗೆ ಬೆಳಕು, ಬಿಸಿ ಎರಡೂ ಆಗದು. ತಂಪಾದ ಕತ್ತಲೆ ಜಾಗದಲ್ಲಿಟ್ಟರೆ ಮಾತ್ರ ಬಾಳುತ್ತದೆ. ಯಜಮಾನರು ಎದ್ದುಬಿಟ್ಟರು.

ಇಲ್ಲಿ ಒಂದು ಲೆಕ್ಕ ಹೇಳಿಬಿಡುತ್ತೇನೆ, ವ್ಯಾಪಾರಸ್ಥರಿಗೆ ಬೇಗ ತಿಳಿಯುತ್ತದೆ. ಮಾಮೂಲಿ ವೈನ್ ಬಾಟಲಿ 750 ಎಂ.ಎಲ್. 150 ಎಂ.ಎಲ್. ಹಾಕಿದರೆ ಐದು ಗ್ಲಾಸು, 125 ಹಾಕಿದರೆ ಆರು. ಗ್ಲಾಸಿಗೆ 600 ರೂಪಾಯಿ ಎಂದಿಟ್ಟುಕೊಳ್ಳಿ. ಐದು ಗ್ಲಾಸಿಗೇ 3,000 ಆಯಿತು. ಅದೇ ಬಾಟಲಿ ಕಾರ್ಡಿನಲ್ಲಿ 2,400 ಇದ್ದರೆ, ನಾಲ್ಕು ಜನ ಕುಡಿಯುವವರಿದ್ದಾಗ ಬಾಟಲಿಯೇ ಲಾಭ. ಒಬ್ಬರೇ ಆದರೆ ಗ್ಲಾಸು ಸರಿ. ಚಿಲ್ಲರೆ ಮದ್ಯದಂಗಡಿಯಲ್ಲಿ ಎಂ.ಆರ್.ಪಿ.ಗಿಂತ ಜಾಸ್ತಿ ಕೇಳುವ ಹಾಗಿಲ್ಲ. ಕೂತು ಕುಡಿಯುವ ಬಾರ್-ರೆಸ್ಟೋರೆಂಟಿನ ಮಾತು ಬೇರೆ, ಅಲ್ಲಿ ಅವರು ಬರೆದದ್ದೇ ರೇಟು. ಹಾಗಾಗಿ ಕಾರ್ಡು ನೋಡದೆ ಆರ್ಡರ್ ಕೊಡುವುದು ಬೆಲೆ ಕೇಳದೆ ಸೀರೆ ಕತ್ತರಿಸಿದ ಹಾಗೆ.

ಎರಡನೆಯ ಜಾಗ ಲ್ಯಾವೆಲ್ಲೆ ರಸ್ತೆ ಕಡೆಯದು. ಮಾತು ಮೃದು, ಕುರ್ಚಿ ಮೆತ್ತಗೆ. ಗ್ಲಾಸಿನ ವೈನ್ ನಾಲ್ಕು ತರಹ ಇತ್ತು. ನಾನು ಒಂದು ಕೆಂಪು ವೈನ್ ತರಿಸಿದೆ. (ಆಫೀಸಿನ ಖರ್ಚಲ್ಲ, ಸ್ವಂತ ಜೇಬು!) ಬಾಯಿಗಿಟ್ಟರೆ ಹುಳಿ. ವಿಚಾರಿಸಿದಾಗ ಗೊತ್ತಾಯಿತು, ಬಾಟಲಿ ತೆರೆದದ್ದು ಶನಿವಾರ ರಾತ್ರಿಯಂತೆ. ಮಂಗಳವಾರ ಮಧ್ಯಾಹ್ನಕ್ಕೆ ನಮ್ಮ ಗ್ಲಾಸಿಗೆ ಬಂದಿದೆ. ಮುಚ್ಚಳ ತೆಗೆದ ವೈನಿಗೆ ಗಾಳಿ ತಾಗುತ್ತದೆ. ಫ್ರಿಜ್ಜಿನಲ್ಲಿಟ್ಟರೂ ಎರಡು ಮೂರು ದಿನ ಚೆನ್ನಾಗಿದ್ದರೆ ಹೆಚ್ಚು, ಆಮೇಲೆ ವಿನಿಗರ್ ದಾರಿ ಹಿಡಿಯುತ್ತದೆ. ವಾರದ ನಡುವೆ ಹೋಗುವವರು ಗಮನಿಸಬೇಕಾದ ಅಪಾಯ ಇದೇ. ಶನಿವಾರ, ಭಾನುವಾರ ಜನಸಂದಣಿ, ಬಾಟಲಿ ತೆರೆದಷ್ಟೂ ಖಾಲಿ. ಸೋಮವಾರದಿಂದ ಗಿರಾಕಿ ಕಮ್ಮಿ, ಉಳಿದದ್ದು ಹಾಗೇ ಉಳಿಯುತ್ತದೆ. "ಇದನ್ನ ಯಾವತ್ತು ಓಪನ್ ಮಾಡಿದ್ರಪ್ಪಾ?" ಎಂದು ಕೇಳಲು ನಾಚಿಕೆ ಬೇಡ. ಹೂವಿನಂಗಡಿಯಲ್ಲಿ ಇವತ್ತಿನ ಹೂವಾ ಅಂತ ಕೇಳೋಲ್ಲವೇ?

ಮೂರನೆಯದು ಸದಾಶಿವನಗರದ ಒಂದು ಒಳರಸ್ತೆಯಲ್ಲಿ. ಹತ್ತು ಮೇಜು ಇದ್ದಾವು. ಆಡಂಬರ ಇಲ್ಲ. ಅಕ್ಕಪಕ್ಕದ ಮನೆಯವರೇ ಬಂದು ಊಟ ಮಾಡುತ್ತಿದ್ದರು. ವೈನ್ ಪಟ್ಟಿ ಒಂದೇ ಹಾಳೆ. ಅದರಲ್ಲಿ ನಾಸಿಕ್‌ನದು, ನಮ್ಮ ನಂದಿ ಬೆಟ್ಟದ ಬುಡದ್ದು, ಕೊಪ್ಪಳ ಜಿಲ್ಲೆಯ ಕೃಸ್ಮದ್ದು, ಹೊರದೇಶದ್ದು ಒಂದೈದಾರು. ತೆರೆದ ಪ್ರತಿ ಬಾಟಲಿಯ ಮೇಲೂ ಮಾರ್ಕರ್ ಪೆನ್ನಿನಲ್ಲಿ ತಾರೀಖು ಬರೆದು ಫ್ರಿಜ್ಜಿನಲ್ಲಿಟ್ಟಿದ್ದರು. ಯಜಮಾನರು ಅದನ್ನು ನೋಡಿದ್ದೇ ತಡ, "ಸ್ವಾಮಿ, ಇವನು ಸ್ಟಾಕ್ ಬರೆದಿಡೋ ಮನುಷ್ಯ. ಇಲ್ಲೇ ಆಗಲಿ," ಅಂದುಬಿಟ್ಟರು.

ನನಗೂ ಅದೇ ಸರಿ ಅನ್ನಿಸಿತು. ಊರಿಗೆ ಬರುವವರಿಗೆ ಯಲಹಂಕ ದಿಕ್ಕಿನ ಬಡಾವಣೆಯೇ ಮೇಲು. ಇಂದಿರಾನಗರದಿಂದ ಸಂಜೆ ಹೊರಟರೆ ಹೆಬ್ಬಾಳ ಕಾಣುವಷ್ಟರಲ್ಲಿ ತಿಂದದ್ದೆಲ್ಲ ಜೀರ್ಣ. ರಾತ್ರಿ ಊಟ ಬೇಡ, ಮಧ್ಯಾಹ್ನದ್ದೇ ಇರಲಿ ಎಂದೂ ಹೇಳಿದೆ. ವಾರದ ದಿನ ಮಧ್ಯಾಹ್ನ ಮೇಜು ಖಾಲಿ ಇರುತ್ತವೆ, ಕೂಗಾಡದೆ ಮಾತಾಡಬಹುದು. ಎಷ್ಟೋ ಕಡೆ ಆ ಹೊತ್ತಿಗೆ ಒಂದೇ ದರದ ಊಟವೂ ಸಿಗುತ್ತದೆ. ಮೂರು, ಮೂರೂವರೆಗೆ ಅಡುಗೆಮನೆ ಮುಚ್ಚುವವರಿದ್ದಾರೆ, ಅದೊಂದು ಕೇಳಿಕೊಂಡಿರಬೇಕು.

ಬರುವ ದಾರಿಯಲ್ಲಿ ಬಸ್ಸಿನಲ್ಲೇ ಯಜಮಾನರಿಗೆ ಒಂದೆರಡು ಪಾಠ ಒಪ್ಪಿಸಿದೆ. ಬಾಟಲಿ ತಂದು ತೋರಿಸುತ್ತಾರೆ, ಹೇಳಿದ್ದೇ ತಂದಿದ್ದಾರಾ ನೋಡಿ. ಗ್ಲಾಸಿಗೆ ಒಂದು ಗುಟುಕು ಹಾಕಿ ನಿಂತುಕೊಳ್ಳುತ್ತಾರೆ. ಅದು ರುಚಿ ಹಿಡಿಸಿತಾ ಅಂತ ಕೇಳೋದಲ್ಲ, ಕೆಟ್ಟಿದೆಯಾ ಅಂತ ಮೂಸಿ ನೋಡೋಕೆ. ಒದ್ದೆ ರಟ್ಟಿನ ವಾಸನೆ ಬಂದರೆ ವಾಪಸ್ ಕಳಿಸುವ ಹಕ್ಕು ನಿಮ್ಮದು. ಕೆಂಪು ವೈನಿನಲ್ಲಿ ಒಗರು ಇರುತ್ತದೆ. ಒಗರಿನ ಮೇಲೆ ನಮ್ಮ ಖಾರ ಬಿದ್ದರೆ ನಾಲಿಗೆ ಉರಿ ಇಮ್ಮಡಿ. ಖಾರದ ಊಟಕ್ಕೆ ಕೊಂಚ ಸಿಹಿಯ ಬಿಳಿ ವೈನ್, ಶೆನಿನ್ ಬ್ಲಾಂಕ್ ಅಂತ ಬರುತ್ತದೆ, ಅದು ಒಗ್ಗುತ್ತದೆ. ಯಜಮಾನರು ಸೀಟಿನ ಹಿಂದೆ ತಲೆಯಿಟ್ಟು ಎಲ್ಲ ಕೇಳಿಸಿಕೊಂಡು, "ಜಾತಕ ನೋಡಿಸೋದೇ ಸಲೀಸು," ಅಂದರು.

ಬಿಲ್ಲಿನ ಮಾತು ಹೇಳದಿದ್ದರೆ ಕೆಲಸ ಅರ್ಧ. ಮದ್ಯಕ್ಕೆ ಜಿ.ಎಸ್.ಟಿ. ಇಲ್ಲ, ಅದರ ತೆರಿಗೆ ರಾಜ್ಯದ್ದು. ಸಾಮಾನ್ಯ ರೆಸ್ಟೋರೆಂಟಿನಲ್ಲಿ ಊಟಕ್ಕೆ ಮಾತ್ರ ಶೇ. 5. ಒಟ್ಟು ಮೊತ್ತದ ಮೇಲೆ ಜಿ.ಎಸ್.ಟಿ. ಹಾಕಿದ್ದರೆ ಕೇಳಿ. ಇನ್ನು 'ಸರ್ವಿಸ್ ಚಾರ್ಜ್'. ಅದನ್ನು ಬಿಲ್ಲಿಗೆ ತಾನಾಗಿ ಸೇರಿಸಬಾರದೆಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲೇ ಹೇಳಿದೆ. ದೆಹಲಿ ಹೈಕೋರ್ಟ್ 2025ರ ಮಾರ್ಚ್‌ನಲ್ಲಿ ಅದನ್ನು ಎತ್ತಿಹಿಡಿಯಿತು. ಸೇವೆ ಮೆಚ್ಚಿಗೆಯಾದರೆ ಕೊಡಿ, ಕಡ್ಡಾಯವಲ್ಲ.

ಮುಂದಿನ ಮಂಗಳವಾರ ಊಟ ಆಯಿತು. ನಾನು ಹೋಗಿರಲಿಲ್ಲ. ಬುಧವಾರ ಬೆಳಿಗ್ಗೆ ಅಂಗಡಿಗೆ ಕರೆಸಿ ಕಾಫಿ ತರಿಸಿದರು.

ಬೀಗರು ಪಟ್ಟಿ ನೋಡಿ ಹೊರದೇಶದ್ದು ಮುಟ್ಟಲೇ ಇಲ್ಲವಂತೆ. "ಇದೇ ಇರಲಿ" ಎಂದು ತೋರಿಸಿದ್ದು ನಂದಿ ಬೆಟ್ಟದ ಬುಡದ ವೈನ್. ಬಾಟಲಿ ಬಂದಾಗ ಯಜಮಾನರು ಕನ್ನಡಕ ಏರಿಸಿ ಲೇಬಲ್ ತಿರುಗಿಸಿ ಓದಿದರಂತೆ.

"ದೊಡ್ಡಬಳ್ಳಾಪುರ ಅಂತ ಇದೆಯಲ್ರೀ ಸ್ವಾಮಿ! ನಮ್ಮೂರ ಮಾಲು! ನಾವು ಬೀಗರ ಮುಂದೆ ಹೆದರಿಕೊಂಡು ಕೂತಿದ್ದೀವಿ!"

ಹೌದು. ಕನ್ವಲ್ ಗ್ರೋವರ್ ಎಂಬುವರು 1988ರಲ್ಲಿ ಇಲ್ಲಿ ಫ್ರಾನ್ಸ್ ತಳಿಯ ದ್ರಾಕ್ಷಿ ಹಾಕಿಸಿದರು. 1992ರಲ್ಲಿ ಮೊದಲ ವೈನ್ ಬಂತು. 2012ರಲ್ಲಿ ನಾಸಿಕ್ ಕಡೆಯ ಇನ್ನೊಂದು ಕಂಪನಿ ಜೊತೆ ಸೇರಿ ಗ್ರೋವರ್ ಜಂಪಾ ಆಯಿತು. ರಾಜ್ಯ ಸರ್ಕಾರ 2007ರಲ್ಲಿ ವೈನ್ ನೀತಿಯನ್ನೇ ತಂದಿತು. ನಮ್ಮ ತಳ್ಳುಗಾಡಿಯಲ್ಲಿ ಮಾರುವ ಕರಿನೀಲಿ 'ಬೆಂಗಳೂರು ಬ್ಲೂ' ದ್ರಾಕ್ಷಿ ಬೇರೆ ಜಾತಿಯದು. ಅದಕ್ಕೆ 2013ರಲ್ಲಿ ಜಿ.ಐ. ಮಾನ್ಯತೆ ಸಿಕ್ಕಿತು. ಜ್ಯೂಸು, ಜಾಮು, ಅಗ್ಗದ ಸಿಹಿ ವೈನಿಗೆ ಅದು ಹೋಗುತ್ತದೆ. ಒಂದು ಬಾಟಲಿ ವೈನಿಗೆ ಬೇಕಾಗುವುದು ಸುಮಾರು ಒಂದು ಕೆ.ಜಿ.ಗಿಂತ ತುಸು ಹೆಚ್ಚು ದ್ರಾಕ್ಷಿ. ಕಾರ್ಡಿನ ರೇಟಿನಲ್ಲಿ ತೋಟದವನ ಪಾಲು ಎಷ್ಟು ಅಂತ ನೀವೇ ಊಹಿಸಿ. ಆ ಕತೆ ಇನ್ನೊಂದು ದಿನ ಬರೆಯುತ್ತೇನೆ.

"ಹುಡುಗ ಏನು ತಗೊಂಡ?" ಎಂದೆ.

"ಅದೇ ಹೇಳೋಕೆ ಹೊರಟಿದ್ದೆ. ಅವನು ಲೈಮ್ ಸೋಡಾ. ಕಾರ್ ಓಡಿಸೋನು ನಾನೇ ಅಂಕಲ್, ಅಂದ."

ರಕ್ತದಲ್ಲಿ 100 ಎಂ.ಎಲ್.ಗೆ 30 ಮಿಲಿಗ್ರಾಂ ದಾಟಿದರೆ ಕೇಸು. ಮೊದಲ ಸಲಕ್ಕೇ 10,000 ರೂಪಾಯಿ ದಂಡ, ಇಲ್ಲಾ ಆರು ತಿಂಗಳವರೆಗೆ ಜೈಲು, ಇಲ್ಲಾ ಎರಡೂ. ಯಜಮಾನರಿಗೆ ಆ ಕಾನೂನು ಗೊತ್ತಿರಲಿಲ್ಲ. ಹುಡುಗನ ಸೋಡಾ ಗ್ಲಾಸು ಮಾತ್ರ ಚೆನ್ನಾಗಿ ಜ್ಞಾಪಕ ಇಟ್ಟುಕೊಂಡಿದ್ದರು.

ಬಿಲ್ಲಿನಲ್ಲಿ ಸರ್ವಿಸ್ ಚಾರ್ಜ್ ಇರಲಿಲ್ಲವಂತೆ. ಆ ತಾರೀಖು ಬರೆದಿಟ್ಟವನಿಗೆ 200 ರೂಪಾಯಿ ಕೈಯಾರೆ ಕೊಟ್ಟು ಬಂದೆ ಅಂದರು. ಬೀಗರು ಬರೋ ಭಾನುವಾರ ಮನೆಗೇ ಬರ್ತಾರಂತೆ. ಊಟಕ್ಕೆ ಮುದ್ದೆ, ಬಸ್ಸಾರು.