ಬೇರೆಯವರ ಚಿತ್ರಕ್ಕೆ ಕತ್ತರಿ ಹಾಕುವ ಮುನ್ನ

ಗೆಳೆಯರೊಬ್ಬರು ತಾವು ತೆಗೆದ ಛಾಯಾಚಿತ್ರವನ್ನು ನಿಮ್ಮ ಮುಂದಿಟ್ಟು 'ಹೇಗಿದೆ?' ಎಂದು ಕೇಳುತ್ತಾರೆ. ನೀವು ಏನು ಹೇಳುತ್ತೀರಿ? ಬಹುಪಾಲು ಜನ 'ಚೆನ್ನಾಗಿದೆ' ಎಂದು ಸುಮ್ಮನಾಗುತ್ತಾರೆ. ಕ್ಯಾಮರಾ ಹಿಡಿದು ನಾಲ್ಕಾರು ವರ್ಷ ಪಳಗಿದವರಾದರೆ 'ಎಡಗಡೆ ಸ್ವಲ್ಪ ಕ್ರಾಪ್ ಮಾಡಿ' ಎನ್ನುತ್ತಾರೆ. ಮೊದಲ ಮಾತಿನಿಂದ ಕೇಳಿದವರಿಗೆ ಏನೂ ಪ್ರಯೋಜನವಿಲ್ಲ. ಎರಡನೆಯ ಮಾತಿನಿಂದ ಕೆಲವೊಮ್ಮೆ ನಷ್ಟವೇ ಆಗುತ್ತದೆ.

ಈ ನಷ್ಟಕ್ಕೆ ನಾನೇ ಒಮ್ಮೆ ಕಾರಣನಾದೆ. ನಮ್ಮ ಊರಿನ ಹವ್ಯಾಸಿ ಛಾಯಾಗ್ರಾಹಕರು ತಿಂಗಳಿಗೊಮ್ಮೆ ಸೇರಿ ಪರಸ್ಪರರ ಚಿತ್ರಗಳನ್ನು ನೋಡುವ ರೂಢಿ ಇತ್ತು. ಹೊಸದಾಗಿ ಸೇರಿದ್ದ ಹುಡುಗನೊಬ್ಬ ಸಂತೆಯಲ್ಲಿ ಬಳೆ ಮಾರುವ ಅಜ್ಜಿಯ ಚಿತ್ರ ತಂದಿದ್ದ. ಎಡ ಅಂಚಿನಲ್ಲಿ ಯಾರದೋ ಪುಟ್ಟ ಕೈ ಅರ್ಧ ಮಾತ್ರ ಕಾಣುತ್ತಿತ್ತು. 'ಆ ಕೈ ತೆಗೆದುಬಿಡಪ್ಪಾ, ಅಡ್ಡ ಬರುತ್ತಿದೆ' ಎಂದೆ. ಮುಂದಿನ ತಿಂಗಳು ಕೈ ಇಲ್ಲದ ಚಿತ್ರ ತಂದ. ನೋಡಿದೊಡನೆ ನನ್ನ ತಪ್ಪು ನನಗೇ ಹೊಳೆಯಿತು. ಅಜ್ಜಿ ನಗುತ್ತಿದ್ದುದು ಆ ಕೈಯನ್ನು ನೋಡಿ. ಕೈ ಹೋದ ಮೇಲೆ ಆಕೆ ಗೋಡೆಯತ್ತ ಮುಖ ಮಾಡಿ ಸುಮ್ಮನೆ ನಗುವಂತೆ ಕಾಣುತ್ತಿತ್ತು. 'ಹಳೆಯದನ್ನೇ ಇಟ್ಟುಕೋ' ಎಂದರೆ, ಅವನು ಮೂಲ ಕಡತದ ಮೇಲೆಯೇ ಹೊಸದನ್ನು ಉಳಿಸಿಬಿಟ್ಟಿದ್ದ. ಮೆಮೊರಿ ಕಾರ್ಡನ್ನೂ ಅಳಿಸಿಯಾಗಿತ್ತು.

ಬೇರೆಯವರ ಚಿತ್ರದ ಬಗ್ಗೆ ಅಭಿಪ್ರಾಯ ಹೇಳುವುದು ಬರೀ ರುಚಿ-ಅಭಿರುಚಿಯ ಮಾತು ಎಂದುಕೊಳ್ಳುತ್ತೇವೆ. ಅದರಲ್ಲಿ ಕಣ್ಣಿನ ವಿಜ್ಞಾನ, ಮಸೂರದ ಜ್ಯಾಮಿತಿ, ಸ್ವಲ್ಪ ಅಂಕಗಣಿತ ಎಲ್ಲವೂ ಸೇರಿವೆ.

ಕಣ್ಣು ಎಲ್ಲಿ ನಿಂತಿತು?

ನಮ್ಮ ಕಣ್ಣು ಇಡೀ ಚಿತ್ರವನ್ನು ಒಟ್ಟಿಗೆ ಸ್ಪಷ್ಟವಾಗಿ ನೋಡಲಾರದು. ರೆಟಿನಾದ ನಡುವಿನ ಸಣ್ಣ ಭಾಗ ಮಾತ್ರ ಅತಿ ಸೂಕ್ಷ್ಮ ವಿವರಗಳನ್ನು ಗ್ರಹಿಸುತ್ತದೆ. ಅದರ ವ್ಯಾಪ್ತಿ ಸುಮಾರು 2 ಡಿಗ್ರಿ. ತೋಳು ಚಾಚಿ ಹಿಡಿದ ಹೆಬ್ಬೆರಳಿನ ಅಗಲದಷ್ಟು. ಆದ್ದರಿಂದ ಕಣ್ಣು ಸೆಕೆಂಡಿಗೆ ಮೂರು ನಾಲ್ಕು ಬಾರಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಜಿಗಿಯುತ್ತಲೇ ಇರುತ್ತದೆ.

ರಷ್ಯದ ವಿಜ್ಞಾನಿ ಆಲ್‌ಫ್ರೆಡ್ ಯಾರ್ಬಸ್ ಈ ಜಿಗಿತಗಳನ್ನು ದಾಖಲಿಸಿದರು. ಕಣ್ಣಿಗೆ ಪುಟ್ಟ ಕನ್ನಡಿಯಿದ್ದ ಬಟ್ಟಲನ್ನು ಅಂಟಿಸಿ, ಅದರಿಂದ ಪ್ರತಿಫಲಿಸಿದ ಬೆಳಕಿನ ಜಾಡನ್ನು ಹಿಡಿಯುವುದು ಅವರ ವಿಧಾನ. 1967ರಲ್ಲಿ ಇಂಗ್ಲಿಷಿಗೆ ಬಂದ ಅವರ ಪುಸ್ತಕದಲ್ಲಿ ಒಂದು ಪ್ರಸಿದ್ಧ ಪ್ರಯೋಗವಿದೆ. ಇಲ್ಯಾ ರೆಪಿನ್ ಎಂಬ ಕಲಾವಿದನ ವರ್ಣಚಿತ್ರವೊಂದರಲ್ಲಿ ಬಹುಕಾಲದ ನಂತರ ವ್ಯಕ್ತಿಯೊಬ್ಬ ಇದ್ದಕ್ಕಿದ್ದಂತೆ ಮನೆಗೆ ಬರುತ್ತಾನೆ. ಯಾರ್ಬಸ್ ಒಬ್ಬನೇ ವ್ಯಕ್ತಿಗೆ ಇದೇ ಚಿತ್ರವನ್ನು ಮತ್ತೆ ಮತ್ತೆ ತೋರಿಸಿ, ಪ್ರತಿ ಬಾರಿಯೂ ಬೇರೆ ಪ್ರಶ್ನೆ ಕೇಳಿದರು. 'ಇವರ ವಯಸ್ಸೆಷ್ಟು?' ಎಂದಾಗ ನೋಟ ಮುಖದಿಂದ ಮುಖಕ್ಕೆ ಓಡಿತು. 'ಈ ಮನೆಯವರ ಆರ್ಥಿಕ ಸ್ಥಿತಿ ಹೇಗಿದೆ?' ಎಂದಾಗ ಬಟ್ಟೆಬರೆ, ಪೀಠೋಪಕರಣಗಳ ಕಡೆ ಹೋಯಿತು. ಚಿತ್ರ ಅದೇ, ಕಣ್ಣೂ ಅದೇ. ಪ್ರಶ್ನೆ ಬದಲಾದಂತೆ ನೋಟದ ದಾರಿ ಬದಲಾಯಿತು.

ಬಳೆಗಾರ ಅಜ್ಜಿಯ ಚಿತ್ರದಲ್ಲಿ ನಾನು ಮಾಡಿದ ತಪ್ಪೂ ಇದೇ. 'ಇದರಲ್ಲಿ ಅಡ್ಡ ಬರುವುದು ಯಾವುದು?' ಎಂಬ ಪ್ರಶ್ನೆಯನ್ನು ತಲೆಯಲ್ಲಿಟ್ಟುಕೊಂಡು ನೋಡಿದೆ. ಕಣ್ಣು ಅಡ್ಡ ಬರುವುದನ್ನೇ ಹುಡುಕಿತು. ಆದ್ದರಿಂದ ಯಾರಾದರೂ ಚಿತ್ರ ತೋರಿಸಿದಾಗ ಮೊದಲು ಅರ್ಧ ನಿಮಿಷ ಏನನ್ನೂ ಹೇಳಬೇಡಿ. ಅನಂತರ ನಿಮ್ಮ ಕಣ್ಣು ಮೊದಲು ಎಲ್ಲಿಗೆ ಹೋಯಿತು, ಆಮೇಲೆ ಎಲ್ಲಿಗೆ, ಎಲ್ಲಿ ಸಿಕ್ಕಿಹಾಕಿಕೊಂಡಿತು ಎಂಬುದನ್ನಷ್ಟೇ ಹೇಳಿ. 'ನನ್ನ ಕಣ್ಣು ಮೊದಲು ಬಲ ಮೂಲೆಯ ಬಿಳಿ ಚೀಲದ ಮೇಲೆ ಬಿತ್ತು. ಅಜ್ಜಿಯ ಮುಖ ಆಮೇಲೆ ಸಿಕ್ಕಿತು' ಎಂದರೆ ಅದು ತೀರ್ಪಲ್ಲ, ಒಂದು ವೀಕ್ಷಣೆ. ಚಿತ್ರ ತೆಗೆದವರಿಗೆ ಇದಕ್ಕಿಂತ ಉಪಯುಕ್ತ ಮಾಹಿತಿ ಬೇರೊಂದಿಲ್ಲ. ಏಕೆಂದರೆ ಅವರು ಆ ಜಾಗದಲ್ಲಿ ನಿಂತಿದ್ದವರು. ಸಂತೆಯ ಗದ್ದಲ, ಅಜ್ಜಿಯ ಮಾತು ಎಲ್ಲವೂ ಅವರ ನೆನಪಿನಲ್ಲಿ ಚಿತ್ರದೊಡನೆ ಬೆರೆತಿರುತ್ತವೆ. ಹೊಸಬರ ಕಣ್ಣಿನಿಂದ ತಮ್ಮದೇ ಚಿತ್ರವನ್ನು ನೋಡಲು ಅವರಿಗೆ ಸಾಧ್ಯವಾಗುವುದಿಲ್ಲ.

ಇದಾದ ಮೇಲೆ 'ನೀವು ಇದರಲ್ಲಿ ಏನನ್ನು ತೋರಿಸಬೇಕೆಂದಿದ್ದಿರಿ?' ಎಂದು ಕೇಳಿ. ಮೊದಲೇ ಕೇಳಿಬಿಟ್ಟರೆ ಯಾರ್ಬಸ್ ಪ್ರಯೋಗದಂತೆ ಆ ಉತ್ತರವೇ ನಿಮ್ಮ ಕಣ್ಣನ್ನು ನಡೆಸಿಬಿಡುತ್ತದೆ.

ಎರಡು ರಟ್ಟಿನ ತುಂಡುಗಳು

ಕತ್ತಲೆ ಕೋಣೆಯಲ್ಲಿ ಮುದ್ರಿಸುತ್ತಿದ್ದ ಹಿರಿಯರ ಬಳಿ ಸರಳವಾದ ಒಂದು ಸಾಧನವಿತ್ತು: ಇಂಗ್ಲಿಷಿನ 'ಎಲ್' ಅಕ್ಷರದ ಆಕಾರದಲ್ಲಿ ಕತ್ತರಿಸಿದ ಎರಡು ಕಪ್ಪು ರಟ್ಟುಗಳು. ಒಂದನ್ನು ತಿರುಗಿಸಿ ಇನ್ನೊಂದರ ಮೇಲಿಟ್ಟರೆ ಚೌಕಟ್ಟು ಆಗುತ್ತದೆ. ಸರಿಸಿದಂತೆ ಹಿಗ್ಗುತ್ತದೆ, ಕುಗ್ಗುತ್ತದೆ. ಹಳೆಯ ಮದುವೆ ಕಾಗದದ ರಟ್ಟೂ ಸಾಕು. ಮುದ್ರಿತ ಚಿತ್ರದ ಮೇಲೆ ಇದನ್ನು ಆಡಿಸುತ್ತಾ 'ಹೀಗೆ ಮಾಡಿದರೆ? ಇಲ್ಲಿ ನಿಲ್ಲಿಸಿದರೆ?' ಎಂದು ಇಬ್ಬರೂ ಒಟ್ಟಿಗೆ ನೋಡಬಹುದು. ಕಂಪ್ಯೂಟರಿನ ಕ್ರಾಪ್ ಸಾಧನವೂ ಇದೇ ಕೆಲಸ ಮಾಡುತ್ತದೆ ನಿಜ. ಆದರೆ ರಟ್ಟು ಎತ್ತಿದೊಡನೆ ಚಿತ್ರ ಮೊದಲಿನಂತೆಯೇ ಇರುತ್ತದೆ!

ಕತ್ತರಿಸುವುದು ತಪ್ಪೆಂದು ನಾನು ಹೇಳುತ್ತಿಲ್ಲ. ಆರ್ನಾಲ್ಡ್ ನ್ಯೂಮನ್ 1946ರಲ್ಲಿ ತೆಗೆದ ಸಂಗೀತಗಾರ ಸ್ಟ್ರಾವಿನ್‌ಸ್ಕಿಯ ಚಿತ್ರದಲ್ಲಿ ಪಿಯಾನೋದ ಕಪ್ಪು ಮುಚ್ಚಳವೇ ಬಹುಭಾಗವನ್ನು ತುಂಬಿದೆ. ಸಂಗೀತಗಾರ ಕೆಳಗಿನ ಮೂಲೆಯಲ್ಲಿ ಚಿಕ್ಕದಾಗಿದ್ದಾರೆ. ಮೂಲ ನೆಗೆಟಿವಿನಲ್ಲಿ ಸುತ್ತ ಇನ್ನೂ ಜಾಗವಿತ್ತು. ಕತ್ತರಿಸುವುದನ್ನು ಒಪ್ಪದ ಫ್ರಾನ್ಸಿನ ಕಾರ್ತಿಯೆ-ಬ್ರೆಸ್ಸಾನ್ ಕೂಡ 1932ರ ತಮ್ಮ ಹೆಸರಾಂತ ಚಿತ್ರವನ್ನು, ನೀರಿನ ಮೇಲೆ ಜಿಗಿಯುವ ಮನುಷ್ಯನದು, ಕತ್ತರಿಸಲೇಬೇಕಾಯಿತು. ಬೇಲಿಯ ಹಲಗೆಗಳ ಸಂದಿಯಿಂದ ತೆಗೆದದ್ದರಿಂದ ಹಲಗೆಯೂ ಚಿತ್ರದಲ್ಲಿ ಸೇರಿಕೊಂಡಿತ್ತು.

ಅಂಚಿನ ಕಸದ ಬಗ್ಗೆ ಆಕ್ಷೇಪಿಸುವ ಮುನ್ನ ಇನ್ನೊಂದು ವಿಷಯ ಗಮನಿಸಿ. ಕಡಿಮೆ ಬೆಲೆಯ ಅನೇಕ ಎಸ್‌ಎಲ್‌ಆರ್ ಕ್ಯಾಮರಾಗಳ ವ್ಯೂಫೈಂಡರ್ ನಿಜವಾದ ಚಿತ್ರದ ಸುಮಾರು ಶೇ. 95ರಷ್ಟನ್ನು ಮಾತ್ರ ತೋರಿಸುತ್ತದೆ. ತೆಗೆಯುವಾಗ ಕಾಣದ ಕೊಂಬೆ ಆಮೇಲೆ ಅಂಚಿನಲ್ಲಿ ಇಣುಕಿದರೆ ಅದು ಅಜಾಗರೂಕತೆಯೇ ಆಗಬೇಕಿಲ್ಲ.

ಕತ್ತರಿಯ ಲೆಕ್ಕ

ಈಗ ಸ್ವಲ್ಪ ಲೆಕ್ಕ ಮಾಡೋಣ. 24 ಮೆಗಾಪಿಕ್ಸೆಲ್ ಕ್ಯಾಮರಾದ ಚಿತ್ರದಲ್ಲಿ ಅಡ್ಡಲಾಗಿ 6000, ಉದ್ದಕ್ಕೆ 4000 ಪಿಕ್ಸೆಲ್‌ಗಳಿರುತ್ತವೆ. ಎರಡೂ ಕಡೆ ಅರ್ಧಕ್ಕೆ ಇಳಿಸಿದರೆ ಉಳಿಯುವುದು 3000 × 2000, ಅಂದರೆ 60 ಲಕ್ಷ. ಮೂಲದ ಕಾಲು ಭಾಗ. ಇದನ್ನು 18 ಅಂಗುಲ ಅಗಲಕ್ಕೆ ಮುದ್ರಿಸಿದರೆ ಅಂಗುಲಕ್ಕೆ ಸುಮಾರು 167 ಪಿಕ್ಸೆಲ್ ಮಾತ್ರ ಸಿಗುತ್ತವೆ. ಕೈಯಲ್ಲಿ ಹಿಡಿದು ನೋಡುವ ಒಳ್ಳೆಯ ಮುದ್ರಣಕ್ಕೆ 300 ಇರಲಿ ಎಂಬುದು ವಾಡಿಕೆ. ಆದರೆ ಸಾಮಾನ್ಯ ಫುಲ್ ಎಚ್‌ಡಿ ಪ್ರೊಜೆಕ್ಟರಿನ ಪರದೆಯಲ್ಲಿ ಇಂಥ ಚಿತ್ರಕ್ಕೆ 1620 × 1080 ಸಾಕು. ಹೀಗಾಗಿ ಪರದೆಯ ಮೇಲೆ ಚೆನ್ನಾಗಿ ಕಂಡ ಸಲಹೆ ಮುದ್ರಣಕ್ಕೆ ಹೋದಾಗ ಕೈಕೊಡುತ್ತದೆ. ಚಿತ್ರ ಎಲ್ಲಿಗೆ ಹೋಗಲಿದೆ ಎಂದು ತಿಳಿದುಕೊಂಡೇ ಎಷ್ಟು ಕತ್ತರಿಸಬಹುದೆಂದು ಹೇಳಬೇಕು.

ಅರ್ಧಕ್ಕೆ ಕತ್ತರಿಸಿ ಮೊದಲಿನ ಗಾತ್ರಕ್ಕೇ ಮುದ್ರಿಸುವುದೆಂದರೆ ಎರಡರಷ್ಟು ಹೆಚ್ಚು ಹಿಗ್ಗಿಸಿದಂತೆ. ಕೈ ನಡುಗಿದ್ದರ ಮಸುಕೂ, ಫೋಕಸ್ಸಿನ ತಪ್ಪೂ ಅಷ್ಟೇ ಹಿಗ್ಗುತ್ತವೆ.

'ದಿಗಂತ ಓರೆಯಾಗಿದೆ, ಸರಿಪಡಿಸಿ' ಎಂಬ ಸಲಹೆಯೂ ಪುಕ್ಕಟೆಯಲ್ಲ. 3:2 ಅನುಪಾತದ ಚಿತ್ರವನ್ನು 3 ಡಿಗ್ರಿ ತಿರುಗಿಸಿ, ಅದೇ ಅನುಪಾತವನ್ನು ಉಳಿಸಿಕೊಂಡು ಮೂಲೆಗಳನ್ನು ಕತ್ತರಿಸಿದರೆ ಸುಮಾರು ಶೇ. 14ರಷ್ಟು ವಿಸ್ತೀರ್ಣ ಹೋಗುತ್ತದೆ. ಕಾಲು ಅಂಚಿಗೆ ತಾಗುವಂತೆ ನಿಂತವರ ಪಾದವೇ ಹೋದರೆ ಓರೆಯಾಗಿದ್ದುದೇ ವಾಸಿ. ಸ್ಟುಡಿಯೋದಲ್ಲಿ 8 × 10 ಅಂಗುಲ ಮುದ್ರಣ ಹೇಳಿದಾಗಲೂ ಹೀಗೆಯೇ. 3:2 ಚಿತ್ರಕ್ಕೆ 8 ಅಂಗುಲ ಎತ್ತರವಾದರೆ ಅಗಲ 12 ಆಗಬೇಕು. 2 ಅಂಗುಲ ಎಲ್ಲಿಂದಲೋ ಕತ್ತರಿಸಿಯೇ ತೀರಬೇಕು.

ಕತ್ತರಿಯಿಂದ ಆಗದ ಕೆಲಸ

ಹಂಪಿಯ ಕಲ್ಲಿನ ರಥದ ಮುಂದೆ ಗೆಳೆಯನನ್ನು ನಿಲ್ಲಿಸಿ ಚಿತ್ರ ತೆಗೆದಿದ್ದಾರೆ ಎನ್ನಿ. ಗೆಳೆಯ ದೊಡ್ಡದಾಗಿದ್ದಾನೆ, ರಥ ಆಟಿಕೆಯಂತಿದೆ. 'ಕ್ರಾಪ್ ಮಾಡಿದರೆ ರಥ ದೊಡ್ಡದಾಗುತ್ತದೆ' ಎಂದು ಹೇಳುವವರಿದ್ದಾರೆ. ಆಗುವುದಿಲ್ಲ. ವಸ್ತುಗಳ ಸಾಪೇಕ್ಷ ಗಾತ್ರ ನಿರ್ಧಾರವಾಗುವುದು ಕ್ಯಾಮರಾ ನಿಂತ ಜಾಗದಿಂದ. ಗೆಳೆಯ 2 ಮೀಟರ್ ದೂರದಲ್ಲಿದ್ದು, ರಥ ಅವನ ಹಿಂದೆ 20 ಮೀಟರ್ ಇದ್ದರೆ, ಕ್ಯಾಮರಾದಿಂದ ದೂರಗಳು 2 ಮತ್ತು 22. ರಥ ಗೆಳೆಯನಿಗಿಂತ 11 ಪಟ್ಟು ಕುಗ್ಗಿ ಕಾಣುತ್ತದೆ. ಛಾಯಾಗ್ರಾಹಕ ಹಿಂದೆ ಸರಿದು 10 ಮೀಟರಿನಲ್ಲಿ ನಿಂತರೆ ದೂರಗಳು 10 ಮತ್ತು 30. ಕುಗ್ಗುವುದು 3 ಪಟ್ಟು ಮಾತ್ರ. ಗೆಳೆಯನಿಗೆ ಹೋಲಿಸಿದರೆ ರಥ ಮೂರೂವರೆ ಪಟ್ಟಿಗಿಂತಲೂ ದೊಡ್ಡದಾಯಿತು. ಆಮೇಲೆ ಬೇಕಾದರೆ ಜೂಮ್ ಮಾಡಲಿ, ಕತ್ತರಿಸಲಿ, ಎರಡೂ ಒಂದೇ. ಇಲ್ಲಿ ಕೊಡಬೇಕಾದ ಸಲಹೆ 'ಮುಂದಿನ ಸಲ ಎಂಟು ಹೆಜ್ಜೆ ಹಿಂದೆ ಬನ್ನಿ' ಎಂಬುದು.

ಮೂರನೇ ಒಂದರ ನಿಯಮವನ್ನು ಎಲ್ಲರೂ ಬಲ್ಲರು. ಜಾನ್ ಥಾಮಸ್ ಸ್ಮಿತ್ ಎಂಬ ಇಂಗ್ಲೆಂಡಿನ ಕಲಾವಿದ 1797ರಲ್ಲೇ ಗ್ರಾಮೀಣ ದೃಶ್ಯಗಳ ಪುಸ್ತಕವೊಂದರಲ್ಲಿ ಇದನ್ನು ಬರೆದಿದ್ದ, ಅದೂ ವರ್ಣಚಿತ್ರಗಳನ್ನು ಕುರಿತು. 'ವಸ್ತು ನಡುವಿನಲ್ಲಿದೆ, ಆದ್ದರಿಂದ ತಪ್ಪು' ಎನ್ನುವವರು ಆ ನಿಯಮವನ್ನು ಗಣಿತದ ಪ್ರಮೇಯದಂತೆ ಬಳಸುತ್ತಾರೆ. ಕನ್ನಡಿಯಂಥ ಕೆರೆಯಲ್ಲಿ ಬೆಟ್ಟದ ಪ್ರತಿಬಿಂಬ ಬಿದ್ದಿದ್ದರೆ ದಿಗಂತ ನಡುವೆಯೇ ಇರಲಿ ಬಿಡಿ.

'ಇನ್ನೂ ಹತ್ತಿರ ಹೋಗಬೇಕಿತ್ತು'

ವನ್ಯಜೀವಿಗಳ ಚಿತ್ರಗಳಿಗೆ ಬಂದರೆ ನಮ್ಮ ಮಾತಿನ ಭಾರ ಚಿತ್ರಕ್ಕಷ್ಟೇ ಮುಗಿಯುವುದಿಲ್ಲ. ಹಕ್ಕಿ ಚಿಕ್ಕದಾಗಿ ಬಂದಿದೆ ಎಂದು ನಾಲ್ಕು ಮಂದಿ ಹೇಳಿದರೆ ಆ ಹೊಸಬ ಮುಂದಿನ ವಾರ ಇನ್ನೂ ಹತ್ತಿರ ಹೋಗುತ್ತಾನೆ. ಗೂಡಿನ ಬಳಿ ಜನ ಸುಳಿದಾಡಿದರೆ ತಾಯಿಹಕ್ಕಿ ಎದ್ದು ಹೋಗುತ್ತದೆ. ಮೊಟ್ಟೆ, ಮರಿಗಳು ಬಿಸಿಲಿಗೋ ಕಾಗೆಗೋ ಈಡಾಗುತ್ತವೆ. ಚಿತ್ರಕ್ಕೆ ಅಡ್ಡವೆಂದು ಸುತ್ತಲಿನ ಎಲೆ, ಕೊಂಬೆ ಸರಿಸಿದರಂತೂ ಗೂಡು ಬಯಲಿಗೇ ಬಿದ್ದಂತೆ. ಭಾರತದ ಹಲವು ಸ್ಪರ್ಧೆಗಳು ಗೂಡಿನ ಚಿತ್ರಗಳನ್ನು ಸ್ವೀಕರಿಸದಿರುವುದು ಇದೇ ಕಾರಣಕ್ಕೆ.

ರಂಗನತಿಟ್ಟಿನಲ್ಲಿ ದೋಣಿಯಿಂದ ತೆಗೆದ ಕೊಕ್ಕರೆ ಚೌಕಟ್ಟಿನಲ್ಲಿ ಚಿಕ್ಕದಾಗಿದ್ದರೆ, ಅದರ ಸುತ್ತಲಿನ ಬಂಡೆ, ನೀರು, ಮರ ಏನನ್ನು ಹೇಳುತ್ತಿವೆ ಎಂದು ನೋಡಿ. ಎಷ್ಟೋ ಸಲ ಅದನ್ನು ಹಕ್ಕಿಯ ನೆಲೆಯ ಚಿತ್ರವಾಗಿ ಉಳಿಸುವುದೇ ಮೇಲು. ನಿಜವಾಗಿ ಹಕ್ಕಿಯೇ ಬೇಕಾದರೆ ಇರುವ ಪಿಕ್ಸೆಲ್‌ಗಳಲ್ಲೇ ಎಷ್ಟು ಕತ್ತರಿಸಬಹುದೆಂದು ಲೆಕ್ಕ ಹಾಕಿ ಹೇಳಿ. ಅಂತಾರಾಷ್ಟ್ರೀಯ ಸ್ಪರ್ಧೆಗಳ ನಿಸರ್ಗ ವಿಭಾಗದಲ್ಲಿ ಕತ್ತರಿಸುವುದಕ್ಕೆ ಅನುಮತಿ ಇದೆ. ಅಡ್ಡ ಬಂದ ಕಡ್ಡಿಯನ್ನು ಅಳಿಸುವುದಕ್ಕೆ, ಹಕ್ಕಿಯನ್ನು ಬೇರೆ ಕಡೆ ಸರಿಸುವುದಕ್ಕೆ ಇಲ್ಲ. ಈ ವ್ಯತ್ಯಾಸ ಗೊತ್ತಿಲ್ಲದೆ 'ಆ ಕಡ್ಡಿ ತೆಗೆದುಬಿಡಿ' ಎಂದರೆ ಆ ಚಿತ್ರ ಸ್ಪರ್ಧೆಗೆ ಅನರ್ಹವಾಗುತ್ತದೆ.

ಪತ್ರಿಕಾ ಚಿತ್ರಗಳಲ್ಲಿ ಕತ್ತರಿ ಇನ್ನೂ ಅಪಾಯಕಾರಿ. ಲಾಠಿ ಹಿಡಿದ ಕೈಯನ್ನಷ್ಟೇ ಇಟ್ಟು, ಆ ಲಾಠಿ ತಡೆಯುತ್ತಿರುವ ಕಲ್ಲನ್ನು ಕತ್ತರಿಸಿದರೆ ಒಂದು ಪಿಕ್ಸೆಲ್ಲನ್ನೂ ಬದಲಿಸದೆ ಸುಳ್ಳು ಹೇಳಿದಂತಾಗುತ್ತದೆ. ಕಲ್ಲನ್ನಷ್ಟೇ ಇಟ್ಟು ಲಾಠಿಯನ್ನು ತೆಗೆದರೂ ಅಷ್ಟೇ. ಇಂಥ ಚಿತ್ರ ಮುಂದೆ ಬಂದಾಗ 'ಚೌಕಟ್ಟಿನ ಹೊರಗೆ ಏನಿತ್ತು?' ಎಂದು ಕೇಳದೆ ಯಾವ ಸಲಹೆಯನ್ನೂ ಕೊಡಬೇಡಿ.

ಇನ್ನು ಮಾತಿನ ರೀತಿ. 'ಸಂಯೋಜನೆ ಸರಿಯಿಲ್ಲ' ಎಂದರೆ ಕೇಳಿದವರು ಏನು ಮಾಡಬೇಕು? 'ಬಲಗಡೆಯ ಕಂಬ ತಲೆಯಿಂದ ಎದ್ದಂತೆ ಕಾಣುತ್ತದೆ. ಒಂದು ಹೆಜ್ಜೆ ಪಕ್ಕಕ್ಕೆ ಸರಿದಿದ್ದರೆ ತಪ್ಪುತ್ತಿತ್ತು' ಎಂದರೆ ಕೈಗೆ ಕೆಲಸ ಸಿಕ್ಕಿತು. ಈಗಲೇ ಸರಿಪಡಿಸಬಹುದಾದದ್ದು ಯಾವುದು, ಮುಂದಿನ ಸಲಕ್ಕೆ ನೆನಪಿಡಬೇಕಾದದ್ದು ಯಾವುದು ಎಂದು ಬೇರ್ಪಡಿಸಿ ಹೇಳಿ. ಒಂದು ಚಿತ್ರಕ್ಕೆ ಎರಡು ಸಲಹೆ ಸಾಕು. ಹೊಸಬರಿಗೆ ಒಟ್ಟಿಗೆ ಎಂಟು ತಪ್ಪು ತೋರಿಸಿದರೆ ಅವರು ಮುಂದಿನ ತಿಂಗಳು ಬರುವುದೇ ಇಲ್ಲ. ಚೆನ್ನಾಗಿರುವುದನ್ನು ಹೇಳುವಾಗಲೂ ಯಾವುದು, ಏಕೆ ಎಂದು ಹೇಳಿ. ಇಲ್ಲದಿದ್ದರೆ ಅವರು ಮುಂದಿನ ಸಲ ಅದನ್ನೇ ಕತ್ತರಿಸಿ ತಂದಾರು.

ಕೊನೆಗೆ, ಯಾವ ಸಲಹೆ ಕೊಡುವ ಮುನ್ನವೂ ಮೂಲ ಚಿತ್ರದ ಪ್ರತಿ ಬೇರೆಡೆ ಇದೆಯೇ ಎಂದು ಕೇಳಿ. ರಾ ಕಡತವಾದರೆ ಚಿಂತೆಯಿಲ್ಲ. ಕತ್ತರಿಸಿದ್ದನ್ನು ತಂತ್ರಾಂಶ ಬರೀ ಸೂಚನೆಯಾಗಿ ಬರೆದಿಡುತ್ತದೆ, ಯಾವಾಗ ಬೇಕಾದರೂ ಹಿಂದಕ್ಕೆ ಹೋಗಬಹುದು. ಜೆಪೆಗ್ ಕಡತವನ್ನು ಅದೇ ಹೆಸರಿನಲ್ಲಿ ಉಳಿಸಿದರೆ ಹೋದದ್ದು ಹೋದಂತೆಯೇ. ನೀವು ಸೂಚಿಸಿದ ರೂಪವನ್ನು ಬೇರೆ ಹೆಸರಿನಲ್ಲಿ ಉಳಿಸಿ, ಎರಡನ್ನೂ ಚಿಕ್ಕದಾಗಿ ಮುದ್ರಿಸಿ ಗೋಡೆಗೆ ಅಂಟಿಸಲು ಹೇಳಿ. ಹದಿನೈದು ದಿನ ಓಡಾಡುತ್ತಾ ನೋಡಿದ ಮೇಲೆ ಯಾವುದನ್ನು ಇಟ್ಟುಕೊಳ್ಳಬೇಕೆಂದು ಚಿತ್ರ ತೆಗೆದವರೇ ತೀರ್ಮಾನಿಸಲಿ. ಅವರು ನಿಮ್ಮದನ್ನು ಕಿತ್ತುಹಾಕಿ ತಮ್ಮದನ್ನೇ ಉಳಿಸಿಕೊಂಡರೆ, ಏಕೆ ಎಂದು ಒಮ್ಮೆ ಕೇಳಿ ನೋಡಿ.