ನೂರು ಗ್ರಾಂ ಚಾಕುವಿನ ಲೆಕ್ಕ

ಟೊಮ್ಯಾಟೊ ಹಣ್ಣಿನ ಮೇಲೆ ಚಾಕುವಿನ ಬೆನ್ನಿಟ್ಟು ಒಂದು ಕಿಲೋ ಭಾರದಷ್ಟು ಒತ್ತಿ ನೋಡಿ. ಬೆನ್ನಿನ ದಪ್ಪ 2 ಮಿಲಿಮೀಟರ್, ಹಣ್ಣಿಗೆ ತಾಗಿದ ಉದ್ದ 5 ಸೆಂಟಿಮೀಟರ್ ಎಂದಿಟ್ಟುಕೊಳ್ಳಿ. ಗಾಳಿ ನಮ್ಮ ಮೈಮೇಲೆ ಸದಾ ಹೇರುವ ಒತ್ತಡ ಎಷ್ಟೋ, ಹಣ್ಣಿನ ಮೇಲೆ ಹೆಚ್ಚುವರಿಯಾಗಿ ಬಿದ್ದದ್ದೂ ಅಷ್ಟೇ. ಹಣ್ಣು ಸ್ವಲ್ಪ ತಗ್ಗುತ್ತದೆ, ಸಿಪ್ಪೆ ಹರಿಯುವುದಿಲ್ಲ. ಈಗ ಚಾಕುವನ್ನು ತಿರುಗಿಸಿ ಬಾಯಿಯ ಕಡೆಯಿಂದ ಒತ್ತಿ. ಚೆನ್ನಾಗಿ ಸಾಣೆ ಹಿಡಿದ ಬಾಯಿಯ ದಪ್ಪ ಸುಮಾರು 1 ಮೈಕ್ರಾನ್, ಅಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು. ಅದೇ ಕೈ, ಅದೇ ಒಂದು ಕಿಲೋ, ಆದರೆ ಒತ್ತಡ ಎರಡು ಸಾವಿರ ಪಟ್ಟು! ಪೆಸಿಫಿಕ್ ಸಾಗರದ ಮರಿಯಾನಾ ಕಂದಕದ ತಳದಲ್ಲಿ, ಹನ್ನೊಂದು ಕಿಲೋಮೀಟರ್ ನೀರಿನ ಅಡಿಯಲ್ಲಿ ಇರುವ ಒತ್ತಡ ಇದರ ಅರ್ಧಕ್ಕಿಂತ ತುಸು ಹೆಚ್ಚು, ಅಷ್ಟೆ.

ದೆಹಲಿಯಲ್ಲಿ ಇರುವವರಿಗೆ ಮೈಕ್ರಾನ್ ಎಂದರೇನೆಂದು ಯಾರೂ ಹೇಳಿಕೊಡಬೇಕಿಲ್ಲ. ದೀಪಾವಳಿ ಮುಗಿದ ಮೇಲೆ ಇಲ್ಲಿ ದಿನವೂ ಬೆಳಿಗ್ಗೆ ಎಲ್ಲರೂ ಮೊಬೈಲಿನಲ್ಲಿ ನೋಡುವ ಪಿಎಂ 2.5 ಎಂದರೆ ಎರಡೂವರೆ ಮೈಕ್ರಾನಿಗಿಂತ ಸಣ್ಣ ಧೂಳು. ಒಳ್ಳೆಯ ಚಾಕುವಿನ ಬಾಯಿ ಅದರ ಅರ್ಧಕ್ಕಿಂತ ತೆಳು. ಇಂಥ ಬಾಯಿಯನ್ನು ಈ ಊರಿನಲ್ಲಿ ಎರಡು ಬಗೆಯ ಜನ ಕೈಯಿಂದಲೇ ಮಾಡುತ್ತಾರೆ. ಒಬ್ಬರು ನೋಯ್ಡಾ, ಗುರುಗ್ರಾಮ, ಫರೀದಾಬಾದುಗಳಲ್ಲಿ ಮನೆಯ ಗ್ಯಾರೇಜು, ತಾರಸಿ, ಬಾಲ್ಕನಿಯ ಮೂಲೆಯನ್ನೇ ಕಾರ್ಖಾನೆ ಮಾಡಿಕೊಂಡ ಹವ್ಯಾಸಿಗಳು. ಇನ್ನೊಬ್ಬರು ಗಾಡಿಯಾ ಲೋಹಾರರು ಎಂಬ ಕಮ್ಮಾರರು. ಅವರಿಗೆ ಫುಟ್‌ಪಾತೇ ಮನೆ, ಅದೇ ಕುಲುಮೆ, ಅದೇ ಅಂಗಡಿ.

1568ರಲ್ಲಿ ಚಿತ್ತೋಡದ ಕೋಟೆ ಅಕ್ಬರನ ವಶವಾದಾಗ ಊರು ಬಿಟ್ಟವರು ತಾವು ಎಂದು ಲೋಹಾರರು ಹೇಳಿಕೊಳ್ಳುತ್ತಾರೆ. ಕೋಟೆಗೆ ಮರಳುವವರೆಗೆ ಸೂರಿನಡಿ ಇರುವುದಿಲ್ಲ, ಮಂಚದ ಮೇಲೆ ಮಲಗುವುದಿಲ್ಲ, ರಾತ್ರಿ ದೀಪ ಹಚ್ಚುವುದಿಲ್ಲ ಎಂದು ಪಣ ತೊಟ್ಟು ಎತ್ತಿನ ಗಾಡಿ ಹತ್ತಿದರಂತೆ. 1955ರ ಏಪ್ರಿಲಿನಲ್ಲಿ ನೆಹರೂ ಅವರೇ ಮುಂದೆ ನಿಂತು ಅವರನ್ನು ಚಿತ್ತೋಡದ ಕೋಟೆಯೊಳಕ್ಕೆ ಕರೆದೊಯ್ದರು. ನಡುವೆ ಕಳೆದದ್ದು 387 ವರ್ಷ. ಪಣ ಮುಗಿಯಿತು, ಆದರೆ ರಸ್ತೆಬದಿಯ ಬಾಳು ಬಹಳಷ್ಟು ಮನೆಗಳಿಗೆ ಮುಗಿಯಲಿಲ್ಲ. ದೆಹಲಿಯ ರಸ್ತೆಬದಿಗಳಲ್ಲಿ ಇವತ್ತಿಗೂ ಅವರ ಕುಲುಮೆ ಉರಿಯುತ್ತದೆ. ಗಂಡ ಕುಕ್ಕರುಗಾಲಿನಲ್ಲಿ ಕೂತು ಇಕ್ಕಳದಿಂದ ಕೆಂಪು ಕಬ್ಬಿಣವನ್ನು ಅಡಿಗಲ್ಲಿನ ಮೇಲೆ ಹಿಡಿಯುತ್ತಾನೆ. ಹೆಂಡತಿ ಸೆರಗು ಸೊಂಟಕ್ಕೆ ಸಿಕ್ಕಿಸಿ, ಎರಡೂ ಕೈಯಿಂದ ಸಮ್ಮಟಿ ಎತ್ತಿ ತಲೆಯ ಮೇಲಿನಿಂದ ಬೀಸುತ್ತಾಳೆ. ಎಲ್ಲಿ ಬೀಳಬೇಕೆಂದು ಗಂಡ ಸಣ್ಣ ಸುತ್ತಿಗೆಯಿಂದ ಒಮ್ಮೆ ಟಕ್ ಎನ್ನಿಸಿದರೆ ಸಾಕು, ಮುಂದಿನ ಪೆಟ್ಟು ಅಲ್ಲೇ ಬೀಳುತ್ತದೆ. ಅಲಗಿನಷ್ಟು ತೆಳ್ಳಗಿನ ಕಬ್ಬಿಣದ ಕೆಂಪು ಕೆಲವೇ ಸೆಕೆಂಡುಗಳಲ್ಲಿ ಆರಿಹೋಗುವುದರಿಂದ ಇಬ್ಬರಿಗೂ ಮಾತಾಡಲು ಪುರಸೊತ್ತಿಲ್ಲ.

ಲೋಹಾರರಿಗೂ ಹವ್ಯಾಸಿಗಳಿಗೂ ಕಬ್ಬಿಣ ಬರುವುದು ಹೆಚ್ಚಾಗಿ ಒಂದೇ ಕಡೆಯಿಂದ, ಗುಜರಿಯಿಂದ. ಲಾರಿಯ ಅಡಿಯಲ್ಲಿ ಒಂದರ ಮೇಲೊಂದು ಜೋಡಿಸಿದ ಕಮಾನು ಪಟ್ಟೆಗಳಿರುತ್ತವಲ್ಲ, ಹಿಂದಿಯವರು ಅದನ್ನು ‘ಕಮಾನಿ’ ಎನ್ನುತ್ತಾರೆ. ಅದರಲ್ಲಿ ಇಂಗಾಲ ಶೇ. 0.6ರ ಆಸುಪಾಸು. ನೂರು ಗ್ರಾಂ ತೂಕದ ಚಾಕುವಿನಲ್ಲಿ ಆರು ನೂರು ಮಿಲಿಗ್ರಾಂ! ಆದರೆ ಇಂಗಾಲದ ಪರಮಾಣು ಬಹಳ ಹಗುರ. ಹಾಗಾಗಿ ತೂಕ ಬಿಟ್ಟು ತಲೆ ಎಣಿಸಿದರೆ ಮೂವತ್ತೇಳರಲ್ಲಿ ಒಂದು ಪರಮಾಣು ಇಂಗಾಲದ್ದು. ಆ ಒಂದು ಇಲ್ಲದಿದ್ದರೆ ಎಷ್ಟು ಕಾಯಿಸಿ ಎಣ್ಣೆಗೆ ಅದ್ದಿದರೂ ಅಲಗು ಗಡುಸಾಗುವುದಿಲ್ಲ, ಕಿಟಕಿಯ ಸರಳಿನಂತೆ ಮೆತ್ತಗೇ ಉಳಿಯುತ್ತದೆ.

ಗುಜರಿಯ ಮಾತು ಬಂದಾಗ ಪಶ್ಚಿಮ ದೆಹಲಿಯ ಮಾಯಾಪುರಿಯನ್ನು ನೆನೆಯದೆ ಮುಂದೆ ಹೋಗಲಾಗದು. 2010ರಲ್ಲಿ ದೆಹಲಿ ವಿಶ್ವವಿದ್ಯಾಲಯದ ಹಳೆಯ ವಿಕಿರಣ ಯಂತ್ರವೊಂದು ಹರಾಜಾಗಿ ಈ ಮಾರುಕಟ್ಟೆಗೆ ಬಂತು. ಒಳಗಿದ್ದದ್ದು ಕೋಬಾಲ್ಟ್-60. ಗೊತ್ತಿಲ್ಲದೆ ಬಿಚ್ಚಿ ತುಂಡು ಮಾಡಿದರು. ಒಬ್ಬರು ತೀರಿಕೊಂಡರು, ಇನ್ನೂ ಹಲವರು ಆಸ್ಪತ್ರೆ ಸೇರಿದರು. ಗುಜರಿಯಲ್ಲಿ ಎಲ್ಲಿಂದ ಬಂದದ್ದೆಂದು ಗೊತ್ತಿರುವ ಕಬ್ಬಿಣವನ್ನಷ್ಟೇ ಕೊಳ್ಳಬೇಕು ಎಂದು ಚಾಕು ಮಾಡಲು ಕಲಿಯುವವರಿಗೆ ಮೊದಲ ದಿನವೇ ಹೇಳಬೇಕು. ಲಾರಿಯ ಪಟ್ಟೆಯನ್ನು ನೋಡಿದ ಕೂಡಲೇ ಗುರುತಿಸಬಹುದು, ಅದೇ ಅದರ ದೊಡ್ಡ ಗುಣ.

ಕುಲುಮೆಗೆ ಬರೋಣ. ಅಲಗಿನ ಆಕಾರ ಬಂದ ಮೇಲೆ ಹದ ಹಾಕಬೇಕು, ಚಾಕುವಿನ ಹಣೆಬರಹವೆಲ್ಲ ಇಲ್ಲೇ. ಕಬ್ಬಿಣ ಕಾಯುತ್ತ 770 ಡಿಗ್ರಿ ಮುಟ್ಟಿದಾಗ ಅಯಸ್ಕಾಂತ ಅದನ್ನು ಹಿಡಿಯುವುದನ್ನು ಬಿಟ್ಟುಬಿಡುತ್ತದೆ. ಅಡುಗೆ ಉಪ್ಪು ಕರಗುವುದು 801 ಡಿಗ್ರಿಯಲ್ಲಿ. ಸಾವಿರಾರು ರೂಪಾಯಿಯ ತಾಪಮಾಪಕ ಇಲ್ಲದ ಹವ್ಯಾಸಿ ಒಂದು ಅಯಸ್ಕಾಂತ, ಒಂದು ಚಿಟಿಕೆ ಉಪ್ಪು ಇಟ್ಟುಕೊಂಡೇ ಸರಿಯಾದ ಹಂತಕ್ಕೆ ಬರುತ್ತಾನೆ. ಲೋಹಾರನಿಗೆ ಅವೂ ಬೇಡ. ಸಂಜೆಯ ಮಬ್ಬಿನಲ್ಲಿ ಕೆಂಪಿನ ಬಣ್ಣ ನೋಡಿಯೇ ಹೇಳುತ್ತಾನೆ.

ಬಳಿಕ ಕೆಂಪು ಅಲಗನ್ನು ಬೆಚ್ಚಗಿನ ಎಣ್ಣೆಗೆ ಇಳಿಸುತ್ತಾರೆ. 800 ಡಿಗ್ರಿಯಿಂದ 550ರ ಆಚೆಗೆ ಇಳಿಯಲು ಸಿಗುವುದು ಕೆಲವೇ ಕ್ಷಣ. ಬರೀ ಇಂಗಾಲದ ಉಕ್ಕಾದರೆ ಒಂದು ಸೆಕೆಂಡಿನ ಆಸುಪಾಸು. ಅಷ್ಟರಲ್ಲಿ ಇಳಿದರೆ ಗಡಸು, ತಡವಾದರೆ ಮೆದು. ಸುಮಾರು 300 ಡಿಗ್ರಿಗಿಂತ ಕೆಳಗೆ ಬರುವಾಗ ಉಕ್ಕಿನ ಒಳಗಿನ ಜೋಡಣೆಯೇ ಬದಲಾಗುತ್ತದೆ. ಓಡಿಹೋಗಲು ಸಮಯ ಸಿಗದ ಇಂಗಾಲ ಕಬ್ಬಿಣದ ಪರಮಾಣುಗಳ ನಡುವೆ ಸಿಕ್ಕಿಬೀಳುತ್ತದೆ, ಜಾಗ ಸಾಲದೆ ಲೋಹ ಶೇ. 4ರಷ್ಟು ಉಬ್ಬುತ್ತದೆ. ಈ ಬದಲಾವಣೆಯ ಒಂದೊಂದು ಸಣ್ಣ ಫಲಕವೂ ಹುಟ್ಟಿ ಬೆಳೆದು ಮುಗಿಯುವುದಕ್ಕೆ ಸೆಕೆಂಡಿನ ಹತ್ತು ಲಕ್ಷದ ಒಂದು ಪಾಲೂ ಬೇಡ. ಕೆಲವೊಮ್ಮೆ ಎಣ್ಣೆಯೊಳಗಿಂದ ‘ಟಿಣ್’ ಎಂದು ಸದ್ದು ಬರುತ್ತದೆ. ಅಲಗು ಸೀಳಿತು ಎಂದೇ ಅದರ ಅರ್ಥ. ಅಷ್ಟು ಹೊತ್ತಿನ ದುಡಿಮೆಯೆಲ್ಲ ಮತ್ತೆ ಗುಜರಿಗೆ.

ಸೀಳದೆ ಉಳಿದ ಅಲಗಿನೊಳಗೆ ಎಷ್ಟು ಹರಳಿನ ಕಣಗಳಿರಬಹುದು? ಚೆನ್ನಾಗಿ ಹದವಾದ ಉಕ್ಕಿನ ಕಣ ಸುಮಾರು 10 ಮೈಕ್ರಾನ್. ಒಂದು ಘನ ಮಿಲಿಮೀಟರಿನಲ್ಲಿ ಹತ್ತು ಲಕ್ಷ. ನೂರು ಗ್ರಾಂ ಉಕ್ಕಿನಲ್ಲಿ ಅಂದಾಜು 1,270 ಕೋಟಿ. ಭೂಮಿಯ ಮೇಲಿನ ಜನ ಎಣ್ಣೂರು ಕೋಟಿಯ ಮೇಲೆ ಸ್ವಲ್ಪ. ಫುಟ್‌ಪಾತಿನ ಮೇಲೆ ಕೂತವನು ಕಣ್ಣಳತೆಯಲ್ಲಿ, ಅಷ್ಟೂ ಕಣಗಳನ್ನು ಒಂದೇ ಗಳಿಗೆಯಲ್ಲಿ ಒಂದೇ ಹದಕ್ಕೆ ತರುತ್ತಾನೆ. ಇದನ್ನು ಕುಶಲ ಕೆಲಸ ಎಂದು ಸುಮ್ಮನೆ ಹೊಗಳಿ ಬಿಟ್ಟರೆ ಸಾಲದು ಎಂದು ನನಗೆ ಅನ್ನಿಸುತ್ತದೆ.

ಎಣ್ಣೆಯಿಂದ ಹೊರಬಂದ ಅಲಗು ಗಾಜಿನಂತೆ ಪೆಡಸು, ಕೈಜಾರಿದರೆ ಮುರಿಯುತ್ತದೆ. ಅದಕ್ಕೇ ಮತ್ತೊಮ್ಮೆ ಹಗುರಾಗಿ, 200 ಡಿಗ್ರಿಯ ಸುತ್ತಮುತ್ತ ಕಾಯಿಸುತ್ತಾರೆ. ಫ್ಲ್ಯಾಟಿನ ಹವ್ಯಾಸಿಗೆ ಕೇಕು ಬೇಯಿಸುವ ಓವನ್ನೇ ಸಾಕು. ಆಗ ಉಜ್ಜಿ ಬೆಳ್ಳಗೆ ಮಾಡಿದ ಅಲಗಿನ ಮೇಲೆ ತೆಳು ಹೊಂಬಣ್ಣ ಮೂಡುತ್ತದೆ. ಗಾಳಿಯ ಆಮ್ಲಜನಕ ಕಬ್ಬಿಣದ ಮೇಲೆ ಕಟ್ಟಿದ ಪೊರೆ ಅದು. ದಪ್ಪ ಸುಮಾರು 50 ನ್ಯಾನೊಮೀಟರ್. ತಲೆಗೂದಲಿನ ಸಾವಿರದ ಒಂದು ಪಾಲಿಗಿಂತಲೂ ತೆಳುವಾದ ಈ ಪೊರೆಯ ಬಣ್ಣವನ್ನು ಬರಿಗಣ್ಣು ಓದುತ್ತದೆ. ಹೊಂಬಣ್ಣಕ್ಕೆ ನಿಲ್ಲಿಸಬೇಕು, ನೀಲಿಗೆ ಹೋದರೆ ಅಡುಗೆಯ ಚಾಕುವಿಗೆ ಮೆತ್ತಗಾಯಿತು.

ಅದೇ ದೆಹಲಿಯ ಮೆಹ್ರೌಲಿಯಲ್ಲಿ, ಕುತುಬ್ ಮಿನಾರಿನ ಪಕ್ಕ, ಇದೇ ಬಗೆಯ ಪೊರೆಯ ಇನ್ನೊಂದು ಲೆಕ್ಕ ನಿಂತಿದೆ. ಕಬ್ಬಿಣದ ಕಂಬ 7.2 ಮೀಟರ್ ಉದ್ದ, ಆರು ಟನ್ನಿಗೂ ಮಿಕ್ಕಿ ತೂಕ, ವಯಸ್ಸು 1,600 ವರ್ಷ. ಕಾನ್ಪುರ ಐಐಟಿಯ ಆರ್. ಬಾಲಸುಬ್ರಮಣ್ಯಂ ಅದರ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದರು. ಕಬ್ಬಿಣದಲ್ಲಿ ರಂಜಕ ಹೆಚ್ಚಾಗಿರುವುದರಿಂದ ಮೇಲೊಂದು ರಕ್ಷಣೆಯ ಪೊರೆ ಕಟ್ಟಿದೆ ಎಂದು ತೋರಿಸಿಕೊಟ್ಟರು. 1,600 ವರ್ಷದಲ್ಲಿ ಆ ಪೊರೆ ಬೆಳೆದದ್ದು ಮಿಲಿಮೀಟರಿನ ಇಪ್ಪತ್ತನೇ ಒಂದು ಪಾಲು. ಸರಾಸರಿ ವರ್ಷಕ್ಕೆ 30 ನ್ಯಾನೊಮೀಟರ್. ಅಡುಗೆಮನೆಯ ಓವನಿನಲ್ಲಿ ನಮ್ಮ ಚಾಕು ಒಂದು ಮಧ್ಯಾಹ್ನದಲ್ಲಿ ಕಟ್ಟಿಕೊಂಡದ್ದು ಅದಕ್ಕಿಂತ ಹೆಚ್ಚು! ಕಂಬವನ್ನು ಎರಕ ಹೊಯ್ದಿಲ್ಲ. ಒಂದೊಂದು 20ರಿಂದ 30 ಕಿಲೋ ತೂಗುವ ಕಬ್ಬಿಣದ ಮುದ್ದೆಗಳನ್ನು ಕಾಯಿಸಿ ಬಡಿದು ಬೆಸೆದದ್ದು. ಅಂದರೆ ಇನ್ನೂರಕ್ಕೂ ಹೆಚ್ಚು ಮುದ್ದೆ, ಎಲ್ಲವೂ ಸುತ್ತಿಗೆಯ ಕೆಲಸ. ನಮ್ಮ ಕೊಡಚಾದ್ರಿಯ ಮೇಲಿನ ಕಬ್ಬಿಣದ ಕಂಬವನ್ನೂ ಬಾಲಸುಬ್ರಮಣ್ಯಂ ಬಿಟ್ಟಿರಲಿಲ್ಲ, ಅದರ ಮೇಲೂ ಪ್ರಬಂಧ ಬರೆದರು.

ಕನ್ನಡ ನಾಡಿನ ಪಾಲು ಕಂಬಕ್ಕೆ ನಿಲ್ಲುವುದಿಲ್ಲ. 1800ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್, ಮಾಗಡಿಯ ಕಡೆ ಮಣ್ಣಿನ ಮೂಸೆಗಳಲ್ಲಿ ಉಕ್ಕು ಮಾಡುವುದನ್ನು ವಿವರವಾಗಿ ಬರೆದಿಟ್ಟ. ದಕ್ಷಿಣದ ಈ ಉಕ್ಕಿನಲ್ಲಿ ಇಂಗಾಲ ಶೇ. 1.5ರಷ್ಟು. ಅದರ ಗುಟ್ಟು ತಿಳಿಯಲು ಲಂಡನಿನಲ್ಲಿ ಮೈಕೆಲ್ ಫ್ಯಾರಡೆ, ಜೇಮ್ಸ್ ಸ್ಟೊಡಾರ್ಟ್ ಎಂಬ ಚಾಕು ತಯಾರಕನ ಜೊತೆ ಸೇರಿ 1820ರ ಹೊತ್ತಿಗೆ ಪ್ರಯೋಗ ನಡೆಸಿದ. ವಿದ್ಯುತ್ತಿನ ಫ್ಯಾರಡೆಯೇ ಅವನು. ಈ ಉಕ್ಕಿನ ಕತ್ತಿಗಳ ಮೇಲೆ ಮೂಡುವ ನೀರಲೆಯಂಥ ಗೆರೆಗಳಿಗೆ ವೆನೇಡಿಯಂ ಎಂಬ ಲೋಹ ಕಾರಣವೆಂದು ಅಮೆರಿಕದ ವೆರ್ಹೋವೆನ್ ಮತ್ತು ಪೆಂಡ್ರೆ 1990ರ ದಶಕದಲ್ಲಿ ತೋರಿಸಿದರು. ಎಷ್ಟು ವೆನೇಡಿಯಂ? ಹತ್ತು ಲಕ್ಷದಲ್ಲಿ ನಲವತ್ತು ಪಾಲು ಇದ್ದರೂ ಆಗುತ್ತದೆ, ನೂರು ಗ್ರಾಂ ಅಲಗಿಗೆ ನಾಲ್ಕು ಮಿಲಿಗ್ರಾಂ. 2006ರಲ್ಲಿ ಡ್ರೆಸ್ಡೆನ್ನಿನ ಪೀಟರ್ ಪೌಫ್ಲರ್ ತಂಡ 17ನೇ ಶತಮಾನದ ಇಂಥ ಒಂದು ಕತ್ತಿಯೊಳಗೆ ಇಂಗಾಲದ ನ್ಯಾನೊ ಕೊಳವೆಗಳನ್ನು ಕಂಡಿತು.

ಬಡಿಯುವ ಕೆಲಸ ಮುಗಿದು ಉಜ್ಜುವ ಕೆಲಸಕ್ಕೆ ಬಂದರೆ ಲೆಕ್ಕ ವೇಗದ್ದು. ಕೈಯಲ್ಲಿ ಹಿಡಿಯುವ ನಾಲ್ಕು ಇಂಚಿನ ಗ್ರೈಂಡರು ನಿಮಿಷಕ್ಕೆ 11,000 ಸುತ್ತು ತಿರುಗುತ್ತದೆ. ಅದರ ಚಕ್ರದ ಅಂಚು ಓಡುವ ವೇಗ ಗಂಟೆಗೆ 207 ಕಿಲೋಮೀಟರ್. ದೆಹಲಿಯಿಂದ ಮೀರತ್ತಿಗೆ ಹೋಗುವ ನಮೋ ಭಾರತ್ ರೈಲಿನ ವಿನ್ಯಾಸ ವೇಗವೇ 180. ಗಾರ್ಡ್ ಬಿಚ್ಚಿ, ಕನ್ನಡಕ ಹಾಕದೆ ಇದನ್ನು ಹಿಡಿಯುವವರನ್ನು ಕಂಡರೆ ನನ್ನ ಎದೆ ನಡುಗುತ್ತದೆ.

ಇನ್ನು ಹಿಡಿ. ನೋಡುವವರಿಗೆ ಇದು ಸುಲಭ, ಮಾಡುವವರಿಗೆ ಅತಿ ಹೆಚ್ಚು ತಲೆನೋವು. ಉತ್ತರದಲ್ಲಿ ಹಿಡಿಗೆ ಶೀಶಮ್ ಮರ, ನಮ್ಮ ಬೀಟೆಯ ಹತ್ತಿರದ ನೆಂಟ. ಅಲಗಿನ ಬಾಲದ ಎರಡೂ ಕಡೆ ಮರದ ಹೋಳಿಟ್ಟು, ತೂತು ಕೊರೆದು, ಹಿತ್ತಾಳೆಯ ಕಡ್ಡಿ ತೂರಿಸಿ, ಅರಾಲ್ಡೈಟಿನಂಥ ಎರಡು ಟ್ಯೂಬಿನ ಅಂಟು ಹಚ್ಚಿ ಬಿಗಿಯುತ್ತಾರೆ. ಮಲೆನಾಡಿನ ಕತ್ತಿಗೆ ಬಾಲ ಕಾಯಿಸಿ ಮರಕ್ಕೆ ಇಳಿಸಿ ಅರಗು ತುಂಬುವ ಕ್ರಮ ಬೇರೆಯೇ. ಎರಡು ಟ್ಯೂಬಿನ ಅಂಟು ಸರಿಯಾಗಿ ಹಿಡಿದರೆ ಚದರ ಮಿಲಿಮೀಟರಿಗೆ ಒಂದು ಕಿಲೋ ಎಳೆತವನ್ನು ಸಲೀಸಾಗಿ ತಡೆಯುತ್ತದೆ. ಹತ್ತು ಸೆಂಟಿಮೀಟರ್ ಉದ್ದ, ಎರಡೂವರೆ ಅಗಲದ ಹೋಳಿಗೆ ಲೆಕ್ಕ ಹಾಕಿ: ಎರಡೂವರೆ ಟನ್. ಒಂದು ಕಡೆಯ ಹೋಳಿನಿಂದ ಕಾರನ್ನೇ ನೇತುಹಾಕಬಹುದು. ಆದರೆ ಬಾಲವನ್ನು ಒರೆಸಿದ ಮೇಲೆ ಮತ್ತೆ ಬೆರಳು ತಾಗಿ ಜಿಡ್ಡು ಉಳಿದರೆ ಅಲ್ಲಿ ಈ ಎರಡೂವರೆ ಟನ್ನಿನ ಲೆಕ್ಕ ಸುಳ್ಳಾಗುತ್ತದೆ.

ಜಿಡ್ಡಿಗಿಂತ ದೊಡ್ಡ ಶತ್ರು ದೆಹಲಿಯ ಹವೆ. ಜನವರಿಯ 4 ಡಿಗ್ರಿಯಿಂದ ಮೇ ತಿಂಗಳ 45ಕ್ಕೆ ಏರಿದಾಗ ಹತ್ತು ಸೆಂಟಿಮೀಟರ್ ಉಕ್ಕು ಹಿಗ್ಗುವುದು ಮಿಲಿಮೀಟರಿನ ಇಪ್ಪತ್ತನೇ ಒಂದು ಪಾಲು ಮಾತ್ರ. ಮರ ಹಾಗಲ್ಲ. ಮೇ ತಿಂಗಳ ಒಣ ಗಾಳಿಗೆ ಕುಗ್ಗಿ ಆಗಸ್ಟಿನ ತೇವಕ್ಕೆ ಉಬ್ಬುವಾಗ, ಎರಡೂವರೆ ಸೆಂಟಿಮೀಟರ್ ಅಗಲದಲ್ಲೇ ಅರ್ಧ ಮಿಲಿಮೀಟರ್ ಆಚೀಚೆ ಆಗಬಹುದು. ಆ ಅರ್ಧ ಮಿಲಿಮೀಟರ್ ಎಂದರೆ ಚಾಕುವಿನ ಬಾಯಿಯ 500 ಪಟ್ಟು. ಮೇ ತಿಂಗಳಲ್ಲಿ ಬೆರಳಿಗೆ ತಿಳಿಯದಂತೆ ನುಣುಪಾಗಿ ಕೂಡಿದ್ದ ಉಕ್ಕು, ಮರ, ಹಿತ್ತಾಳೆ ಮಳೆಗಾಲಕ್ಕೆ ಅಂಗೈಗೆ ಚುಚ್ಚುತ್ತವೆ. ಹಳಗಿದ ಮರ ಹುಡುಕುವುದು, ಅಗಸೆ ಎಣ್ಣೆ ಕುಡಿಸುವುದು, ಕಡ್ಡಿಯ ತುದಿಯನ್ನು ಸಣ್ಣ ಸುತ್ತಿಗೆಯಿಂದ ಅಣಬೆಯ ಹಾಗೆ ಅರಳಿಸಿ ಮರವನ್ನು ಕಚ್ಚಿಸುವುದು, ಎಲ್ಲವೂ ಈ ಅರ್ಧ ಮಿಲಿಮೀಟರಿಗಾಗಿ. ಶೀಶಮ್ ಉಜ್ಜುವಾಗ ಮುಖಗವಸು ಬೇಕೇ ಬೇಕು. ಅದರ ಧೂಳು ಹಲವರಿಗೆ ಚರ್ಮಕ್ಕೂ ಉಸಿರಿಗೂ ಆಗಿಬರುವುದಿಲ್ಲ.

ಕಾನೂನಿನಲ್ಲೂ ಅಳತೆ ಇದೆ. ಒಂಬತ್ತು ಇಂಚಿಗಿಂತ ಉದ್ದ ಅಥವಾ ಎರಡು ಇಂಚಿಗಿಂತ ಅಗಲದ ಅಲಗು ಶಸ್ತ್ರಾಸ್ತ್ರ ನಿಯಮದಡಿ ಬರುತ್ತದೆ. ಮನೆ, ಹೊಲ, ಕಾರ್ಖಾನೆಯ ಕೆಲಸಕ್ಕೆಂದು ಮಾಡಿದ್ದಕ್ಕೆ ವಿನಾಯಿತಿ. ಗುಂಡಿ ಒತ್ತಿದರೆ ತೆರೆಯುವ ಚಾಕುಗಳ ಮೇಲೆ ದೆಹಲಿಯದೇ ಬೇರೆ ಅಧಿಸೂಚನೆಯಿದೆ, ಅಲ್ಲಿ ಗೆರೆ 7.62 ಸೆಂಟಿಮೀಟರ್. ಮನೆಯಲ್ಲಿ ಕಲಿಯುವವರು ಅಡುಗೆಯ ಚಾಕುವಿನಲ್ಲೇ ಇರುವುದು ಒಳ್ಳೆಯದು. ಅದರಲ್ಲೇ ಒಂದು ಜನ್ಮಕ್ಕಾಗುವಷ್ಟು ಕೆಲಸವಿದೆ.

ದೆಹಲಿಗೆ ಬಂದಾಗ, ಅಥವಾ ಇಲ್ಲೇ ಇದ್ದರೆ ಮುಂದಿನ ಸಲ ರಸ್ತೆಬದಿಯ ಕುಲುಮೆ ಕಂಡಾಗ ನಿಲ್ಲಿ. ಕಮಾನಿಯ ಚಾಕು ಇದೆಯೇ ಎಂದು ಕೇಳಿ, ಹಿಡಿಯನ್ನು ಅಲುಗಾಡಿಸಿ ನೋಡಿ, ಹೇಳಿದ ಬೆಲೆ ಕೊಡಿ, ಚೌಕಾಸಿ ಮಾಡಬೇಡಿ. ಮನೆಗೆ ತಂದ ಮೇಲೆ ತೊಳೆದ ಕೂಡಲೇ ಒರೆಸಿಡಿ, ಮಳೆಗಾಲಕ್ಕೆ ಮೊದಲು ಹಿಡಿಗೆ ಸ್ವಲ್ಪ ಅಗಸೆ ಎಣ್ಣೆ ಹಚ್ಚಿ.